ಬೆಂಗಳೂರಾ, ಮೈಸೂರಾ, ಮಾಗಡಿ ಹೊಲವಾ? ಮೂರೂ ಕಡೆ ಬದುಕಿ ನೋಡಿದ ಮೇಲೆ

ಸರಳವಾಗಿ ಬದುಕಬೇಕು ಅಂತ ತೀರ್ಮಾನ ಮಾಡುವುದು ಸುಲಭ. ಎಲ್ಲಿ ಬದುಕಬೇಕು ಅನ್ನುವುದು ಕಷ್ಟದ ಪ್ರಶ್ನೆ. ಎರಡನೇ ಫ್ಲ್ಯಾಟ್‌ಗೆ ಸಾಲ ಮಾಡುವ ಯೋಜನೆ ನಮ್ಮ ಮನೆಯಲ್ಲಿತ್ತು. ಅದನ್ನು ಕೈಬಿಟ್ಟೆವು. ಕಂತು ಕಟ್ಟುವುದಕ್ಕೋಸ್ಕರ ಇನ್ನೂ ಇಪ್ಪತ್ತು ವರ್ಷ ಇದೇ ಓಟ ಓಡುವುದು ನನಗೂ ಬೇಡವಾಗಿತ್ತು, ಗಂಡನಿಗೂ ಬೇಡವಾಗಿತ್ತು. ಮುಂದೆ ಮೂರು ದಾರಿ ಕಂಡವು. ಬೆಂಗಳೂರಿನಲ್ಲೇ ಇದ್ದು ಓಡಾಟ, ಖರ್ಚು, ಕಸ ಎಲ್ಲ ಇಳಿಸುವುದು ಒಂದು. ಮೈಸೂರಿಗೆ ಹೋಗುವುದು ಇನ್ನೊಂದು. ಮಾಗಡಿ ಕಡೆ ಚಿಕ್ಕಮ್ಮನ ಹೊಲದಲ್ಲಿ ಕೈಯಾರೆ ಬೆಳೆದು ಉಣ್ಣುವುದು ಮತ್ತೊಂದು. ಮೂರನ್ನೂ ಒಂದಾದ ಮೇಲೊಂದು ಮಾಡಿ ನೋಡಿದೆವು.

ನಮ್ಮ ಪರಿಸ್ಥಿತಿ ಮೊದಲೇ ಹೇಳಿಬಿಡುತ್ತೇನೆ, ಹೋಲಿಕೆ ಅರ್ಥವಾಗಬೇಕಾದರೆ ಅದು ಬೇಕು. ನಾನು ಸಣ್ಣ ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುತ್ತೇನೆ. ಇಂಟರ್‌ನೆಟ್ ಇದ್ದ ಕಡೆ ಕೆಲಸ ನಡೆಯುತ್ತದೆ. ಗಂಡ ಕಂಪನಿ ಕೆಲಸ ಬಿಟ್ಟು ಆನ್‌ಲೈನಿನಲ್ಲಿ ಪಾಠ ಹೇಳುತ್ತಾರೆ. ಜೊತೆಯಲ್ಲಿರುವ ಅತ್ತೆಗೆ ಸಕ್ಕರೆ ಕಾಯಿಲೆ. ಮಗಳು ಹಾಸ್ಟೆಲ್‌ನಲ್ಲಿದ್ದು ಓದುತ್ತಾಳೆ. ಶಾಲೆಗೆ ಹೋಗುವ ಮಕ್ಕಳಿದ್ದವರ ಲೆಕ್ಕ ಬೇರೆಯೇ ಆಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ಆಶ್ಚರ್ಯ ತಂದದ್ದು ಪೆಟ್ರೋಲ್. ಸರಳ ಬದುಕು ಅಂದ್ರೆ ಹಳ್ಳಿ ಅಂತಲೇ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಆದರೆ ಮೂರು ಕಡೆಗಳಲ್ಲಿ ಅತಿ ಹೆಚ್ಚು ಪೆಟ್ರೋಲ್ ಸುಟ್ಟದ್ದು ಹೊಲದಲ್ಲಿದ್ದಾಗ. ಅತ್ತೆಯ ಔಷಧಿಗೆ ಮಾಗಡಿಗೆ ಹೋಗಬೇಕು. ಕೊರಿಯರ್‌ಗೆ ಹೋಗಬೇಕು. ಮೋಟರ್ ಕೆಟ್ಟರೆ ಮೆಕ್ಯಾನಿಕ್‌ನನ್ನು ಕರೆತರಬೇಕು. ಬೆಂಗಳೂರಿನಲ್ಲಿ ಕಾರು ಮಾರಿ ಬಸ್ಸು, ಮೆಟ್ರೋ ಹಿಡಿದಿದ್ದವರು ಇಲ್ಲಿ ದಿನಾ ಸ್ಕೂಟರ್ ತೆಗೆಯುವಂತಾಯಿತು. ಊರಿನವರಿಗೆ ಈ ತೊಂದರೆ ಇಲ್ಲ. ಸಂತೆ ದಿನ ಒಂದೇ ಸಲ ಹೋಗಿ ವಾರದ ಕೆಲಸ ಎಲ್ಲ ಮುಗಿಸಿ ಬರುತ್ತಾರೆ. ನಾವು ಹಳ್ಳಿಗೆ ಹೋದರೂ ನಮ್ಮ ಅಗತ್ಯಗಳು ಪೇಟೆಯವೇ ಆಗಿದ್ದವು. ಅವುಗಳನ್ನು ವಾರಕ್ಕೊಮ್ಮೆಗೆ ಕಟ್ಟಿಹಾಕಲು ಆಗಲಿಲ್ಲ.

ಬೆಂಗಳೂರಿನಲ್ಲಿ ಕಾರಿಲ್ಲದೆ ಇರಬಹುದು, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮಾರ್ಗ ಪೂರ್ತಿಯಾದ ಮೇಲೆ ನಮ್ಮ ಓಡಾಟದ ಬಹುಪಾಲು ಮೆಟ್ರೋದಲ್ಲೇ ನಡೆಯಿತು. ಅದೇ ವರ್ಷ ಜೂನ್‌ನಿಂದ ಶಕ್ತಿ ಯೋಜನೆ ಇದ್ದುದರಿಂದ ನನಗೂ ಅತ್ತೆಗೂ ಬಸ್ಸಿಗೆ ಕಾಸು ಬೇಕಿರಲಿಲ್ಲ. ಹಣ ಉಳಿಯಿತು. ಸಮಯ ಉಳಿಯಲಿಲ್ಲ. ಒಂದು ಕೆಲಸಕ್ಕೆ ಹೊರಟರೆ ಅರ್ಧ ದಿನ ಹೋಗುತ್ತಿತ್ತು.

ಮೈಸೂರಿನಲ್ಲಿ ಈ ಸಮಸ್ಯೆಯೇ ಕರಗಿಹೋಯಿತು. ಕುವೆಂಪುನಗರದ ನಮ್ಮ ಬಾಡಿಗೆ ಮನೆಯಿಂದ ತರಕಾರಿ, ಹಾಲು, ಔಷಧಿ, ಬ್ಯಾಂಕು, ಲೈಬ್ರರಿ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ದೇವರಾಜ ಮಾರುಕಟ್ಟೆಗೆ ಸೈಕಲ್ ಸಾಕು. ಬಾಡಿಗೆ ಸೈಕಲ್ ವ್ಯವಸ್ಥೆ ‘ಟ್ರಿಣ್ ಟ್ರಿಣ್’ 2017ರಲ್ಲೇ ಶುರುವಾದ ಊರು ಇದು. ಬೆಂಗಳೂರಿಗೆ ಹೋಗಬೇಕಾದಾಗ ರೈಲು ಇದೆ, ಸುಮಾರು 140 ಕಿಲೋಮೀಟರ್ ದಾರಿ. ಎಕ್ಸ್‌ಪ್ರೆಸ್ ಹೆದ್ದಾರಿ ಬಂದ ಮೇಲೆ ಎಲ್ಲರೂ ಕಾರು ತೆಗೆಯುತ್ತಾರೆ, ನಾವು ಈಗಲೂ ರೈಲೇ ಹತ್ತುತ್ತೇವೆ. ಹತ್ತಿರದಲ್ಲಿ ಎಲ್ಲ ಸಿಕ್ಕಿದರೆ ಮನುಷ್ಯ ತಾನಾಗಿಯೇ ಕಡಿಮೆಯಲ್ಲಿ ಬದುಕುತ್ತಾನೆ. ಅದಕ್ಕೆ ದಿನಾ ಮನಸ್ಸು ಗಟ್ಟಿಮಾಡಿಕೊಳ್ಳಬೇಕಾಗಿಲ್ಲ. ಮೂರೂ ಕಡೆ ಇದ್ದು ನಾನು ಕಂಡುಕೊಂಡದ್ದು ಮುಖ್ಯವಾಗಿ ಇದನ್ನೇ.

ಇನ್ನು ನೀರು. 2024ರ ಬೇಸಿಗೆಯನ್ನು ಬೆಂಗಳೂರಿನ ಹೊರವಲಯದಲ್ಲಿ ಕಳೆದವರಿಗೆ ವಿವರಿಸಬೇಕಾಗಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬತ್ತಿತ್ತು, ಟ್ಯಾಂಕರಿಗೆ ಕಾಯುವುದೇ ಒಂದು ಕೆಲಸವಾಗಿತ್ತು. ನಾವು ಬಕೆಟ್ಟಿನಲ್ಲಿ ಅಳೆದು ಸ್ನಾನ ಮಾಡಿದರೂ ಇಡೀ ಕಟ್ಟಡದ ಬಳಕೆ ನಮ್ಮ ಕೈಯಲ್ಲಿರಲಿಲ್ಲ. ಛಾವಣಿಯೂ ನಮ್ಮದಲ್ಲ. ಸ್ವಂತ ಮನೆ ಇದ್ದರೆ ಕಥೆ ಬೇರೆ. ವಿಜಯನಗರದ ಎ. ಆರ್. ಶಿವಕುಮಾರ್ ಅವರ ಮನೆ ಎರಡು ದಶಕಕ್ಕೂ ಹೆಚ್ಚು ಕಾಲ ಮಳೆನೀರಿನಲ್ಲೇ ನಡೆದಿದೆ. ಲೆಕ್ಕ ತುಂಬ ಸರಳ. ಒಂದು ಚದರ ಮೀಟರ್ ಛಾವಣಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿ ಅಂದರೆ ಸುಮಾರು 93 ಚದರ ಮೀಟರ್. ವರ್ಷಕ್ಕೆ 800 ಮಿಲಿಮೀಟರ್ ಮಳೆ ಅಂತ ಹಿಡಿದರೂ 74 ಸಾವಿರ ಲೀಟರ್ ಆಗುತ್ತದೆ. ಮೈಸೂರಿನ ಮನೆಯ ಓನರ್ ಒಪ್ಪಿದರು, ಪೈಪಿಗೆ ಫಿಲ್ಟರ್ ಹಾಕಿ ನೀರನ್ನು ಸಂಪಿಗೆ ತಿರುಗಿಸಿದೆವು. ಮಳೆಗಾಲದಲ್ಲಿ ಗಿಡಕ್ಕೆ, ಬಟ್ಟೆಗೆ, ಪಾತ್ರೆಗೆ ನಲ್ಲಿ ನೀರು ಮುಟ್ಟುವುದೇ ಅಪರೂಪ.

ಮಾಗಡಿಯಲ್ಲಿ ನೀರು ಅಂದರೆ ಕರೆಂಟು. ಪಂಪ್‌ಸೆಟ್ಟಿಗೆ ತ್ರೀಫೇಸ್ ಕೊಡುವುದು ದಿನಕ್ಕೆ ಏಳು ಗಂಟೆ ಅಂತ ಲೆಕ್ಕ. ಅದು ಎಷ್ಟೋ ಸಲ ರಾತ್ರಿ ಬರುತ್ತದೆ. ಹನ್ನೊಂದು ಗಂಟೆಗೆ ಟಾರ್ಚ್ ಹಿಡಿದು, ಹಾವಿನ ಭಯದಲ್ಲಿ ಹೆಜ್ಜೆ ನೋಡಿ ನೋಡಿ ವಾಲ್ವ್ ತಿರುಗಿಸಲು ಹೋಗುವುದು ಅಲ್ಲಿನ ರೈತರಿಗೆ ನಿತ್ಯದ ಬದುಕು. ತೋಟದ ಮನೆಯ ಫೋಟೋಗಳಲ್ಲಿ ಇದು ಕಾಣುವುದಿಲ್ಲ.

ಈಗ ಅನ್ನದ ವಿಷಯ. ಇದರಲ್ಲಿ ಹೊಲಕ್ಕೆ ಸಾಟಿ ಇಲ್ಲ. ಚಿಕ್ಕಮ್ಮ ಇಂದಿಗೂ ಅಕ್ಕಡಿ ಸಾಲು ಬಿಟ್ಟಿಲ್ಲ. ಎಂಟು ಸಾಲು ರಾಗಿಗೆ ಎರಡು ಸಾಲು ಅವರೆ ಇಲ್ಲವೇ ತೊಗರಿ, ಅಂಚಿನಲ್ಲಿ ಜೋಳ, ಹುಚ್ಚೆಳ್ಳು, ನಡುವೆ ಅಲ್ಲಲ್ಲಿ ಸಾಸಿವೆ. ಮೊದಲು ನೋಡಿದಾಗ ಸುಮ್ನೆ ಎಲ್ಲ ಬೆರೆಸಿ ಚೆಲ್ಲಿದ ಹಾಗೆ ಕಂಡಿತ್ತು. ಒಂದು ಮಳೆಗಾಲ ಜೊತೆಯಲ್ಲಿದ್ದಾಗ ಅದರ ಜಾಣತನ ತಿಳಿಯಿತು. ಅವರೆ, ತೊಗರಿಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ರಾಗಿ ತೆನೆ ಕಟ್ಟುವಾಗ ಮಳೆ ಕೈಕೊಟ್ಟರೂ ಅವರೆ ಹಿಂಗಾರಿನ ಇಬ್ಬನಿಯಲ್ಲಿ ಹೂವು ಬಿಡುತ್ತದೆ. ಕೊಯ್ಲು ಒಂದೇ ಸಲ ಮೈಮೇಲೆ ಬರುವುದಿಲ್ಲ. ಮೊದಲು ಸಾಸಿವೆ, ಆಮೇಲೆ ಹುಚ್ಚೆಳ್ಳು, ರಾಗಿ, ಅವರೆ, ಎಲ್ಲ ಮುಗಿದ ಮೇಲೆ ತೊಗರಿ. ಒಂದೇ ಹೊಲದಿಂದ ಮುದ್ದೆ, ಸಾರು, ಒಗ್ಗರಣೆ, ಚಟ್ನಿಪುಡಿ, ದನಕ್ಕೆ ಹುಲ್ಲು. ರಾಗಿಯಂತೂ ಹುಳ ಹಿಡಿಯದೆ ವರ್ಷಗಟ್ಟಲೆ ಇರುತ್ತದೆ. ಡಿಸೆಂಬರಿನ ಚಳಿಯಲ್ಲಿ ಸೊಗಡಿನ ಅವರೆಕಾಯಿ ಕಿತ್ತು, ಹಿಚುಕಿ, ಅಲ್ಲೇ ಬೇಯಿಸಿ ಬಿಸಿ ಮುದ್ದೆ ಜೊತೆ ಉಂಡ ರುಚಿಯನ್ನು ದುಡ್ಡು ಕೊಟ್ಟು ತರಲು ಆಗುವುದಿಲ್ಲ.

ಆದರೆ ದುಡಿಮೆ! ರಾಗಿ ಹೊಲದ ಕಳೆ ಬೆನ್ನನ್ನೇ ಕೇಳುತ್ತದೆ. ಜೀವಾಮೃತ ಅನ್ನುವ ದ್ರವ ಗೊಬ್ಬರ ಮಾಡುವುದೂ ಹಾಗೇ. 200 ಲೀಟರ್ ನೀರು, 10 ಕಿಲೋ ನಾಟಿ ಹಸುವಿನ ಸಗಣಿ, ಹತ್ತು ಲೀಟರ್‌ವರೆಗೆ ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಇದು ಒಂದು ಎಕರೆಗೆ ಒಂದು ಸಲಕ್ಕೆ. ಓದಿದರೆ ಅಡುಗೆ ಅಷ್ಟೇ ಸುಲಭ ಅನಿಸುತ್ತದೆ. ಬೆಳಿಗ್ಗೆ ಗಂಜಲ ಹಿಡಿಯುವುದರಿಂದ ಹಿಡಿದು ದಿನಾ ಕದಡುವುದು, ಹೊತ್ತು ಹಾಕುವುದರವರೆಗೆ ಮಾಡಿ ನೋಡಬೇಕು. ದೊಡ್ಡಬಳ್ಳಾಪುರದ ಬಳಿ ಮರಳೇನಹಳ್ಳಿಯ ಎಲ್. ನಾರಾಯಣ ರೆಡ್ಡಿ ಅವರು ದಶಕಗಳ ಕಾಲ ಸಣ್ಣ ಹಿಡುವಳಿಯಲ್ಲಿ ಸಾವಯವ ಕೃಷಿ ಮಾಡಿ ತೋರಿಸಿದರು. ಅಂಥವರ ಬಗ್ಗೆ ನನಗೆ ಮೊದಲಿಂದಲೂ ಗೌರವವಿತ್ತು. ಹೊಲದಲ್ಲಿ ನಿಂತ ಮೇಲೆ ಆ ಗೌರವ ನೂರು ಪಟ್ಟಾಯಿತು. ಅದು ಬೆಳಗಿನಿಂದ ಸಂಜೆವರೆಗಿನ ಪೂರ್ತಿ ಕೆಲಸ. ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾಡುವಂಥದ್ದಲ್ಲ.

ಚಿಕ್ಕಮ್ಮನ ಮನೆಯ ಗೋಬರ್ ಗ್ಯಾಸ್ ಕೂಡ ಇದೇ ಪಾಠ ಹೇಳುತ್ತದೆ. ಎರಡು ಘನ ಮೀಟರ್ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ದನ ನಾಲ್ಕೈದು ಇದ್ದಾಗ ಎರಡು ಹೊತ್ತಿನ ಅಡುಗೆ ಅದರಲ್ಲೇ ಆಗುತ್ತಿತ್ತು. ದನ ಎರಡಕ್ಕೆ ಇಳಿದ ಮೇಲೆ ಸಿಲಿಂಡರ್ ಮತ್ತೆ ಬಂತು. ಊರಲ್ಲಿ ಕೈ ಕಡಿಮೆಯಾದರೆ ದನ ಕಡಿಮೆ. ದನ ಕಡಿಮೆಯಾದರೆ ಗ್ಯಾಸೂ ಕಡಿಮೆ, ಗೊಬ್ಬರವೂ ಕಡಿಮೆ.

ಮೈಸೂರಿನ ಹಿತ್ತಲಲ್ಲಿ ನುಗ್ಗೆ, ಕರಿಬೇವು, ಬಸಳೆ, ಬದನೆ ಇವೆ. ಸೊಪ್ಪಿನ ಖರ್ಚು ನಿಂತಿದೆ, ಹೊಟ್ಟೆ ತುಂಬುವಷ್ಟಲ್ಲ. ಬೆಂಗಳೂರಿನ ಬಾಲ್ಕನಿಯಲ್ಲಿ ಪುದೀನ, ಕೊತ್ತಂಬರಿ ಬೆಳೆದೆವು, ಅಷ್ಟೇ.

ಕಸದ ವಿಷಯದಲ್ಲಿ ಬೆಂಗಳೂರಿಗೆ ಅಂಕ ಕೊಡಲೇಬೇಕು. 2015ರಲ್ಲಿ ಹೈಕೋರ್ಟ್ ಆದೇಶದಿಂದ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಬಂತು. ಅದರಿಂದ ಹಸಿ, ಒಣ ಕಸ ಬೇರೆ ಮಾಡುವುದು ನಮ್ಮ ಕೈಗೆ ಅಭ್ಯಾಸವಾಯಿತು. ಮೈಸೂರು 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲು ಬಂದ ಊರು, ಕುಂಬಾರಕೊಪ್ಪಲಿನ ಘಟಕದಲ್ಲಿ ಕಸ ಬೇರ್ಪಡಿಸುವ ಕೆಲಸ ಎದ್ದು ಕಾಣುತ್ತದೆ. ಹೊಲದಲ್ಲಿ ಹಸಿ ಕಸ ಕಸವೇ ಅಲ್ಲ, ತಿಪ್ಪೆಗೆ ಗೊಬ್ಬರ. ಆದರೆ ಹಾಲಿನ ಕವರ್, ಬೀಜದ ಚೀಲ, ಹಳೇ ಡ್ರಿಪ್ ಪೈಪು ಒಯ್ಯಲು ಯಾರೂ ಬರುವುದಿಲ್ಲ. ಸುತ್ತಮುತ್ತ ಎಲ್ಲರೂ ಸುಡುತ್ತಾರೆ. ನಾವು ಮೂಟೆ ಕಟ್ಟಿ ಪೇಟೆಗೆ ತರುತ್ತಿದ್ದೆವು.

ದುಡ್ಡಿನ ಲೆಕ್ಕ ನನ್ನ ಕಸುಬು, ಹಾಗಾಗಿ ನೇರವಾಗಿ ಹೇಳುತ್ತೇನೆ. 2024-25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ರೂಪಾಯಿ. ಮಳೆ ನಂಬಿದ ಹೊಲದಲ್ಲಿ ಎಕರೆಗೆ ಹತ್ತು ಕ್ವಿಂಟಲ್ ಬಂದರೆ ಒಳ್ಳೆಯ ಬೆಳೆ. ಒಟ್ಟು 42,900 ಆಯಿತು. ಉಳುಮೆ, ಬಿತ್ತನೆ, ಕಳೆ, ಕೊಯ್ಲು, ಒಕ್ಕಣೆಗೆ ಅರ್ಧಕ್ಕಿಂತ ಜಾಸ್ತಿ ಹೋಗುತ್ತದೆ. ಉಳಿದದ್ದು ಒಂದು ಇಡೀ ಹಂಗಾಮಿನ ಆದಾಯ. ಹೊಲದಿಂದ ಊಟ ಬರುತ್ತದೆ. ಆಸ್ಪತ್ರೆ, ಓದು, ಬಟ್ಟೆಯ ಹಣ ಬೇರೆ ಕಡೆಯಿಂದಲೇ ಬರಬೇಕು. ಮೈಸೂರಿನಲ್ಲಿ ಬಾಡಿಗೆ ಬೆಂಗಳೂರಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಸಂಪಾದನೆ ಇಳಿದರೂ ತಿಂಗಳ ಕೊನೆಯಲ್ಲಿ ಉಳಿಯುವುದು ಅಲ್ಲಿಗಿಂತ ಹೆಚ್ಚು. ಬೆಂಗಳೂರಿನಲ್ಲಿ ಎಷ್ಟೇ ಹಿಡಿತ ಮಾಡಿದರೂ ಬಾಡಿಗೆ, ನೀರು, ಮೇಂಟೆನೆನ್ಸ್ ಅನ್ನುವ ಮೂರು ಬಾಬ್ತು ಅಲುಗಾಡಲಿಲ್ಲ.

ಅತ್ತೆಯ ಮಾತನ್ನೂ ಸೇರಿಸಬೇಕು, ಅವರ ಬದುಕೂ ಇದರಲ್ಲಿದೆ. ಹೊಲದಲ್ಲಿ ಅವರು ಖುಷಿಯಾಗಿದ್ದರು, ಜಗಲಿಯಲ್ಲಿ ಮಾತಿಗೆ ಜನ ಇದ್ದರು. ಆದರೆ ಒಂದು ರಾತ್ರಿ ಸಕ್ಕರೆ ಇಳಿದು ಬೆವತು ಕೂತಾಗ, ಗಾಡಿ ಹೊಂದಿಸಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಮ್ಮೆಲ್ಲರ ಜೀವ ಬಾಯಿಗೆ ಬಂದಿತ್ತು. ಮೈಸೂರಿನಲ್ಲಿ ಸಂಜೆ ಪಾರ್ಕಿಗೆ ತಾವೇ ಹೋಗಿ ಬರುತ್ತಾರೆ, ಡಾಕ್ಟರ್ ಎರಡು ಬೀದಿ ಆಚೆ. ಫ್ಲ್ಯಾಟಿನಲ್ಲಿ ಲಿಫ್ಟ್ ಇಳಿದು ಎಲ್ಲಿಗೆ ಹೋಗುವುದು ಅಂತ ಕೂತಲ್ಲೇ ಕೂರುತ್ತಿದ್ದರು.

ಹಾಗಾಗಿ ನಮ್ಮ ಆಯ್ಕೆ ಮೈಸೂರು. ಬಿತ್ತನೆಗೂ ಸುಗ್ಗಿಗೂ ಮಾಗಡಿಗೆ ಹೋಗುತ್ತೇವೆ, ಕಳೆಗೆ ಕೂಲಿ ಕೊಡುತ್ತೇವೆ, ರಾಗಿ, ಅವರೆ, ಬೇಳೆಯನ್ನು ಚಿಕ್ಕಮ್ಮನಿಂದ ನ್ಯಾಯವಾದ ಬೆಲೆ ಕೊಟ್ಟು ತರುತ್ತೇವೆ. ಅವರಿಗೆ ದಲ್ಲಾಳಿ ತಪ್ಪಿದ, ನಮಗೆ ಬೆಳೆದವರು ಯಾರು ಅಂತ ಗೊತ್ತು. ಮನೆಯಲ್ಲಿ ವಯಸ್ಸಾದವರಿದ್ದು, ಸ್ವಲ್ಪ ಕಡಿಮೆ ಸಂಪಾದನೆ ಸಾಕು ಅನ್ನುವವರಿಗೆ ನಾನು ಸಣ್ಣ ನಗರವನ್ನೇ ಹೇಳುತ್ತೇನೆ. ಬೆಂಗಳೂರು ಬಿಡಲಾಗದ ಕೆಲಸ ಇರುವವರು ಕೆಲಸದ ಹತ್ತಿರ, ಮೆಟ್ರೋ ಪಕ್ಕ ಸಣ್ಣ ಮನೆ ಹಿಡಿಯಲಿ. ಅದೊಂದರಿಂದಲೇ ಅರ್ಧ ಭಾರ ಇಳಿಯುತ್ತದೆ.

ಇನ್ನು ಹೊಲವೇ ಬೇಕು ಅನ್ನುವವರಿಗೆ ಒಂದು ಮಾತು. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗಂತ ಉಳಿತಾಯವನ್ನೆಲ್ಲ ಮೊದಲೇ ಜಮೀನಿಗೆ ಸುರಿಯಬೇಡಿ. ನೆಂಟರದ್ದೋ ಗೆಳೆಯರದ್ದೋ ಹೊಲದಲ್ಲಿ ಮುಂಗಾರಿನಿಂದ ಸುಗ್ಗಿವರೆಗೆ ಇದ್ದು ಕೆಲಸ ಮಾಡಿ. ಸುಗ್ಗಿ ಮುಗಿದ ಕೂಡಲೇ ಹೊರಟುಬಿಡಬೇಡಿ, ಏಪ್ರಿಲ್‌ವರೆಗೂ ಇರಿ. ಬೋರ್‌ವೆಲ್ ಎಷ್ಟು ಹೊತ್ತು ನೀರು ಎತ್ತುತ್ತದೆ, ದನಕ್ಕೆ ಹುಲ್ಲು ಎಲ್ಲಿವರೆಗೆ ಸಾಕಾಗುತ್ತದೆ ಅನ್ನುವುದು ಆಗಲೇ ಗೊತ್ತಾಗುವುದು. ಆಗಲೂ ಅಲ್ಲೇ ಇರಬೇಕು ಅನಿಸಿದರೆ ಧೈರ್ಯವಾಗಿ ಜಮೀನು ಕೊಳ್ಳಿ.