ಸೆಕೆಂಡ್ ಗೇಟ್ ಬಳಿಯ ಜಗಳ: ಮೊದಲು ಓದಬೇಕೋ, ಮೊದಲು ನೋಡಬೇಕೋ?

ಬೆಳಗಾವಿಯ ಟಿಳಕವಾಡಿಯವರಿಗೆ ಗೇಟ್ ಅಂದರೆ ರೈಲ್ವೆ ಗೇಟ್. ಫಸ್ಟ್ ಗೇಟ್, ಸೆಕೆಂಡ್ ಗೇಟ್, ಥರ್ಡ್ ಗೇಟ್ ಅಂತ ವಿಳಾಸ ಹೇಳಿಯೇ ಬೆಳೆದವರು ನಾವು. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಸೆಕೆಂಡ್ ಗೇಟ್ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದೆವು. ನಾನು, ನನ್ನ ಕಾಲೇಜು ದಿನಗಳ ದೋಸ್ತ, ಜೊತೆಗೆ ನನ್ನ ಅಕ್ಕನ ಮಗಳು. ಪಿಯುಸಿ ಓದುವ ಹುಡುಗಿ. ಮೈಮೇಲೆ ಸ್ಪೈಡರ್‌ಮ್ಯಾನ್ ಟೀ ಶರ್ಟ್.

ದೋಸ್ತ ಕಾಮಿಕ್ಸ್ ಹುಚ್ಚ. ಟೀ ಶರ್ಟ್ ನೋಡಿದವನೇ ಕೇಳಿದ: "ಸ್ಪೈಡರ್‌ಮ್ಯಾನ್ ಮೊದಲನೇ ಸಲ ಯಾವ ಪುಸ್ತಕದಾಗ ಬಂದಾನ, ಹೇಳವಾ ನೋಡೂಣು?"

ಅವಳಿಗೆ ಗೊತ್ತಿರಲಿಲ್ಲ. "ಸಿನಿಮಾ ಎಲ್ಲಾ ನೋಡೀನ್ರಿ ಮಾಮಾ" ಅಂದಳು.

"ಹಂಗಾರ ನೀ ಫ್ಯಾನ್ ಅಲ್ಲ ಬಿಡು. ಬರೇ ಗಿರಾಕಿ."

ಹುಡುಗಿಯ ಮುಖ ಸಣ್ಣದಾಯಿತು. ಉತ್ತರ ನನಗೆ ಗೊತ್ತಿತ್ತು. 1962ರ 'ಅಮೇಜಿಂಗ್ ಫ್ಯಾಂಟಸಿ' 15ನೇ ಸಂಚಿಕೆ. ಆದರೆ ಅದು ಗೊತ್ತಿದ್ದಕ್ಕೆ ಇವತ್ತಿನವರೆಗೆ ನನಗೆ ಯಾರೂ ಒಂದು ಕಪ್ ಚಹಾ ಕೂಡ ಪುಕ್ಕಟೆ ಕೊಟ್ಟಿಲ್ಲ. ಅಷ್ಟರಲ್ಲಿ ಗೇಟ್ ಬಿತ್ತು. ಎರಡೂ ಕಡೆ ಗಾಡಿಗಳು ಸಾಲುಗಟ್ಟಿದವು. ರೈಲ್ವೆ ಗೇಟ್ ಹಾಕಿದರೆ ಹಿಂದೆ ರೈಲಾದರೂ ಬರುತ್ತದೆ. ಇವನು ಗೇಟ್ ಹಾಕಿಕೊಂಡು ಯಾವ ರೈಲಿಗೆ ಕಾಯುತ್ತಿದ್ದಾನೋ ಅನ್ನಿಸಿತು.

ಹಾಗಂತ ಪರದೆಯ ಕಡೆಯವರು ಸಾಚಾ ಅಂದುಕೊಳ್ಳಬೇಡಿ. ನನ್ನ ಜೊತೆ ಕೆಲಸ ಮಾಡುವವರಲ್ಲಿ ಇನ್ನೊಂದು ಪಂಗಡವಿದೆ. 2008ರ 'ಐರನ್ ಮ್ಯಾನ್'ನಿಂದ 2019ರ 'ಎಂಡ್‌ಗೇಮ್'ವರೆಗೆ ಮಾರ್ವೆಲ್‌ನ 22 ಸಿನಿಮಾ. ಅಷ್ಟನ್ನೂ ಕ್ರಮವಾಗಿ ನೋಡದವನು ಅವರ ಊಟದ ಟೇಬಲ್ಲಿನಲ್ಲಿ ಬಾಯಿ ತೆರೆಯುವಂತಿಲ್ಲ. ಕಾಮಿಕ್ಸ್ ಓದುತ್ತೇನೆ ಅಂದರೆ "ಇನ್ನಾ ಚಿತ್ರದ ಪುಸ್ತಕ ಓದ್ತೀರೇನ್ರಿ?" ಅಂತ ನಗುತ್ತಾರೆ. ಇವರದೂ ಗೇಟೇ, ಬಣ್ಣ ಬೇರೆ ಅಷ್ಟೇ.

ದೋಸ್ತನದು ಒಂದೇ ಹಟ: ಮೊದಲು ಓದು, ಆಮೇಲೆ ನೋಡು. ಟೇಬಲ್ಲಿನವರದು ಇನ್ನೊಂದು: ನೋಡಿದರೆ ಸಾಕು, ಓದೋದು ಸುಮ್ನೆ ಟೈಮ್ ವೇಸ್ಟ್. ಬೆಳಗಾವಿ ಮಳೆಯಲ್ಲಿ ಸಂಜೆ ಹೊರಗೆ ಹೋಗುವುದಂತೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ಕಥೆಗಳನ್ನು ಮೂರು ರೀತಿಯಲ್ಲಿ ಮಾಡಿ ನೋಡಿದೆ. ಮುಂದೆ ಕಥೆಯ ಗುಟ್ಟುಗಳು ಬರುತ್ತವೆ, ಬೇಡದವರು ಇಲ್ಲೇ ಇಳಿದುಕೊಳ್ಳಿ.

ನೋಡಿ ಆಮೇಲೆ ಓದಿದ್ದು: 'ವಾಕಿಂಗ್ ಡೆಡ್'

ಸತ್ತವರು ಎದ್ದು ಬದುಕಿದವರ ಮೇಲೆ ಬೀಳುವ ಕಥೆ. ಟಿವಿ ಸರಣಿ 2010ರಲ್ಲಿ ಶುರುವಾಗಿ, 11 ಸೀಸನ್ ಓಡಿ, 2022ರಲ್ಲಿ ಮುಗಿಯಿತು. ನಾನು ಎಂಟು ಸೀಸನ್ ನೋಡಿ ಸುಸ್ತಾಗಿ ಬಿಟ್ಟಿದ್ದೆ. ಕಾಮಿಕ್ಸ್ ಬರೆದದ್ದು ರಾಬರ್ಟ್ ಕರ್ಕ್‌ಮನ್. 2003ರಿಂದ 2019ರವರೆಗೆ 193 ಸಂಚಿಕೆ. ಅದರಲ್ಲಿ ಮೊದಲ 48 ಸಂಚಿಕೆಗಳನ್ನು ಒಂದೇ ಸಂಪುಟ ಮಾಡಿದ್ದಾರೆ, ಸಾವಿರಕ್ಕೂ ಜಾಸ್ತಿ ಪುಟ. ಆನ್‌ಲೈನ್‌ನಲ್ಲಿ ತರಿಸಿದೆ. ಕೊರಿಯರ್ ಹುಡುಗ "ಏನ್ರಿ ಇದು, ಕಲ್ಲೇನು?" ಅಂತ ಕೇಳಿದ. ಮಲಗಿ ಎದೆಯ ಮೇಲಿಟ್ಟುಕೊಂಡು ಓದಿದರೆ ಉಸಿರು ಸಿಗುವುದಿಲ್ಲ. ಕೊನೆಗೆ ತಲೆದಿಂಬಿನ ಮೇಲಿಟ್ಟು, ಸಾಲಿ ಹುಡುಗನಂತೆ ಕೂತು ಓದಿದೆ.

ನನಗೊಂದು ಭಯವಿತ್ತು. ಮುಖಗಳೆಲ್ಲ ಮೊದಲೇ ತಲೆಯಲ್ಲಿ ಕೂತಿವೆ, ಪುಸ್ತಕದಲ್ಲೂ ಟಿವಿಯ ನಟರೇ ಓಡಾಡಿದರೆ? ಶುರುವಿನಲ್ಲಿ ಹಾಗೇ ಆಯಿತು. ಆದರೆ ಮೊದಲ ಆರು ಸಂಚಿಕೆಗೆ ಚಿತ್ರ ಬರೆದವರು ಟೋನಿ ಮೂರ್, ಏಳನೆಯದರಿಂದ ಚಾರ್ಲಿ ಆಡ್ಲಾರ್ಡ್. ಗೆರೆ ಬದಲಾದ ಕೂಡಲೇ ಕಥಾನಾಯಕ ರಿಕ್‌ನ ಮುಖ ಬದಲಾಯಿತು. ಆ ಪುಟದಲ್ಲೇ ಟಿವಿಯ ನಟ ನನ್ನ ತಲೆಯಿಂದ ಎದ್ದು ಹೋದ. ಇದನ್ನು ನಾನು ಎಣಿಸಿರಲಿಲ್ಲ.

ಇನ್ನೊಂದು, ಇಡೀ ಕಾಮಿಕ್ಸ್ ಕಪ್ಪು ಬಿಳುಪು. ಟಿವಿಯಲ್ಲಿ ಅರ್ಧ ಹೆದರಿಕೆ ಸದ್ದಿನಿಂದ ಬರುತ್ತದೆ. ಸೌಂಡ್ ತೆಗೆದರೆ ಹೆಣಗಳ ನಡಿಗೆ ನಗು ತರಿಸುತ್ತದೆ, ಬೇಕಾದರೆ ಮ್ಯೂಟ್ ಮಾಡಿ ನೋಡಿ. ಪುಸ್ತಕದಲ್ಲಿ ಸದ್ದೇ ಇಲ್ಲ. ದೊಡ್ಡ ಚಿತ್ರವನ್ನು ಹಾಳೆ ಮಗುಚಿದ ಮೇಲೆ ಕಾಣುವ ಎಡಪುಟದಲ್ಲಿ ಬಚ್ಚಿಟ್ಟಿರುತ್ತಾರೆ. ಹಾಳೆ ಮಗುಚುವ ಕೈ ನನ್ನದೇ ಆದ್ದರಿಂದ ತಪ್ಪೂ ನನ್ನದೇ ಅನ್ನಿಸುತ್ತದೆ. ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋದಾಗ ಮೊಬೈಲ್ ಬೆಳಕಿನಲ್ಲಿ ಎರಡು ಪುಟ ಓದಿ, ಪುಸ್ತಕ ಮುಚ್ಚಿಟ್ಟು ಹೊದ್ದು ಮಲಗಿದ್ದನ್ನು ಒಪ್ಪಿಕೊಳ್ಳುತ್ತೇನೆ.

ಟಿವಿಯಲ್ಲಿ ನನ್ನ ಮೆಚ್ಚಿನವನು ಡೇರಿಲ್. ಬಿಲ್ಲು ಹಿಡಿದು ಓಡಾಡುವವನು. ಈಗ ಬರುತ್ತಾನೆ, ಇನ್ನೇನು ಬರುತ್ತಾನೆ ಅಂತ ಇನ್ನೂರು ಪುಟ ಕಾದೆ. ದೋಸ್ತನಿಗೆ ಫೋನ್ ಮಾಡಿದೆ. ಅವನು ನಕ್ಕ ನಗೆ ಕೇಳಬೇಕಿತ್ತು, ಈ ಪ್ರಶ್ನೆಗಾಗಿಯೇ ವರ್ಷಗಟ್ಟಲೆ ಕಾದವನಂತೆ. ಡೇರಿಲ್ ಕಾಮಿಕ್ಸ್‌ನಲ್ಲಿ ಇಲ್ಲವೇ ಇಲ್ಲ. ಟಿವಿಯವರು ಹೊಸದಾಗಿ ಹುಟ್ಟಿಸಿದ ಪಾತ್ರ.

ಆದರೆ ಮಜಾ ಇರುವುದೇ ಇಲ್ಲಿ. ಎಂಟು ಸೀಸನ್ ನೋಡಿದವನಿಗೆ ಇನ್ನೇನು ಹೊಸತು ಅಂದುಕೊಂಡಿದ್ದೆ. ಕಾಮಿಕ್ಸ್‌ನಲ್ಲಿ ರಿಕ್‌ನ ಬಲಗೈಯನ್ನೇ ಕತ್ತರಿಸಿ ಹಾಕುತ್ತಾರೆ. ಎಂಟು ಸೀಸನ್ ಆ ಕೈ ಗಟ್ಟಿಯಾಗಿದ್ದದ್ದನ್ನು ನೋಡಿದವನು ನಾನು. ಪುಸ್ತಕ ಕೈಯಿಂದ ಜಾರಿತು. ಅವನ ಮಗ ಕಾರ್ಲ್ ಟಿವಿಯಲ್ಲಿ ಎಂಟನೇ ಸೀಸನ್‌ಗೆ ಸಾಯುತ್ತಾನೆ, ಕಾಮಿಕ್ಸ್‌ನಲ್ಲಿ ದೊಡ್ಡವನಾಗಿ ಕೊನೆಯ ಸಂಚಿಕೆಯವರೆಗೂ ಇರುತ್ತಾನೆ. ನೋಡಿ ಓದಿದ್ದರಿಂದ ಏನೂ ಕೆಡಲಿಲ್ಲ, ಗೊತ್ತಿದೆ ಅಂದುಕೊಂಡ ದಾರಿಯಲ್ಲೇ ಎರಡು ಸಲ ಎಡವಿ ಬಿದ್ದೆ.

ಮುಗಿಸಿದ ರೀತಿಯಲ್ಲಿ ಮಾತ್ರ ಕಾಮಿಕ್ಸ್ ಗೆದ್ದಿತು. ಟಿವಿಯವರು 2020ರಲ್ಲೇ ಘೋಷಿಸಿ 2022ರಲ್ಲಿ ಮುಗಿಸಿದರು. ಕರ್ಕ್‌ಮನ್ ಮುಂದಿನ ಸಂಚಿಕೆಗಳಿಗೆ ಸುಳ್ಳು ಮುಖಪುಟಗಳನ್ನೂ ಪ್ರಕಟಿಸಿ, 193ಕ್ಕೇ ಸದ್ದಿಲ್ಲದೆ ನಿಲ್ಲಿಸಿಬಿಟ್ಟರು. ಮದುವೆ ಮನೆಯಲ್ಲಿ ಯಾರಿಗೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಟ ಹಿರಿಯರ ಹಾಗೆ.

ಓದಿ ಆಮೇಲೆ ನೋಡಿದ್ದು: 'ವಾಚ್‌ಮೆನ್'

ಇದು ದೋಸ್ತನ ಆಯ್ಕೆ, ಅವನದೇ ಪುಸ್ತಕ. ಮುಖವಾಡ ತೊಟ್ಟ ಹೀರೋಗಳ ಕಥೆ. ಕೊಡುವಾಗ "ಎಣ್ಣಿ ಕೈಲೆ ಮುಟ್ಟಬ್ಯಾಡ" ಅಂತ ಎರಡು ಸಲ ಹೇಳಿದ. 1986-87ರಲ್ಲಿ 12 ಸಂಚಿಕೆಗಳಾಗಿ ಬಂದದ್ದು. ಕಥೆ ಆಲನ್ ಮೂರ್, ಚಿತ್ರ ಡೇವ್ ಗಿಬ್ಬನ್ಸ್. ಬಹುಪಾಲು ಪುಟಗಳು ಒಂಬತ್ತು ಚೌಕದ ಲೆಕ್ಕದಲ್ಲಿವೆ. ಐದನೇ ಸಂಚಿಕೆಯಂತೂ ಕನ್ನಡಿ: ಮೊದಲ ಪುಟದ ಜೋಡಣೆಗೆ ಕೊನೆಯ ಪುಟ ಜೋಡಿ, ಎರಡನೆಯದಕ್ಕೆ ಕೊನೆಯಿಂದ ಎರಡನೆಯದು. ಹೀಗೆ ಸಾಗಿ ನಡುವಿನ ಎರಡು ಪುಟಗಳು ಎದುರುಬದುರು ನಿಲ್ಲುತ್ತವೆ. ದೋಸ್ತ ಬೆರಳಿಟ್ಟು ತೋರಿಸುವವರೆಗೆ ನನಗೆ ಕಂಡಿರಲಿಲ್ಲ. ತೋರಿಸುವಾಗ ಅವನ ಮುಖ ನೋಡಿದೆ. ಗೇಟ್ ಕಾಯುವವನ ಮುಖವಲ್ಲ ಅದು, ಹೊಲದಲ್ಲಿ ಮೊದಲ ಹೀರೇಕಾಯಿ ಬಿಟ್ಟದ್ದನ್ನು ತೋರಿಸುವ ರೈತನ ಮುಖ. ಇವನು ಆ ಹುಡುಗಿಗೂ ಹೀಗೇ ತೋರಿಸಬಹುದಿತ್ತಲ್ಲ!

ಆಮೇಲೆ 2009ರ ಸಿನಿಮಾ ಹಾಕಿದೆ. 2 ಗಂಟೆ 42 ನಿಮಿಷದ ಸಿನಿಮಾ. ನಾನು ನೋಡಿ ಮುಗಿಸಲು ನಾಲ್ಕು ಗಂಟೆ ಹಿಡಿಯಿತು. ಯಾಕೆಂದರೆ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಹೆಂಡತಿಗೆ "ಪುಸ್ತಕದಾಗ ಇದು ಹಿಂಗಿಲ್ಲ" ಅನ್ನುತ್ತಿದ್ದೆ. ಮೂರನೇ ಸಲಕ್ಕೆ ಅವಳು ಎದ್ದು ಒಳಗೆ ಹೋದಳು. ಕೊನೆಯಲ್ಲಿ ನ್ಯೂಯಾರ್ಕ್ ಮೇಲೆ ಬಂದು ಬೀಳಬೇಕಾದ ದೈತ್ಯ ಆಕ್ಟೋಪಸ್‌ನಂಥ ಜೀವಿ ಸಿನಿಮಾದಲ್ಲಿ ಇಲ್ಲ. ಆ ಅಪರಾಧವನ್ನು ಕಥೆಯಲ್ಲಿ ಅತಿಮಾನುಷ ಶಕ್ತಿಯಿರುವ ನೀಲಿ ಮನುಷ್ಯನ ತಲೆಗೆ ಕಟ್ಟಿದ್ದಾರೆ. ನನಗೆ ನಿಜವಾಗಿ ಸಿಟ್ಟು ಬಂತು. ಒಬ್ಬನೇ ಕೂತು ಟಿವಿಗೆ ಬೈದೆ. ಆಮೇಲೆ ಹೊಳೆಯಿತು: ಒಂದೇ ಒಂದು ಪುಸ್ತಕ ಓದಿದ್ದಕ್ಕೆ ನಾನೂ ಗೇಟ್ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟಿದ್ದೇನೆ.

ಓದಿ ನೋಡುವುದರ ತೊಂದರೆ ಇದೇ. ಕಣ್ಣು ಸಿನಿಮಾ ನೋಡುವುದಿಲ್ಲ, ತಾಳೆ ನೋಡುತ್ತದೆ. ಅಂಗಡಿಯಲ್ಲಿ ಬಿಲ್ಲಿಗೂ ಸಾಮಾನಿಗೂ ಟಿಕ್ ಹಾಕುವ ಹಾಗೆ. ಅಂದಹಾಗೆ ಆಲನ್ ಮೂರ್ ಅವರ ಹೆಸರು ಆ ಸಿನಿಮಾದಲ್ಲಿ ಎಲ್ಲೂ ಬರುವುದಿಲ್ಲ. ಅವರೇ ಬೇಡ ಅಂದರು.

2019ರ ಎಚ್‌ಬಿಒ ಟಿವಿ ಸರಣಿಯ ಮಾತು ಬೇರೆ, ಹೆಸರು ಅದೇ 'ವಾಚ್‌ಮೆನ್'. ಒಂಬತ್ತು ಕಂತು. ಅದು ಪುಸ್ತಕದ ನಕಲು ಅಲ್ಲ, ಪುಸ್ತಕ ಮುಗಿದ ಎಷ್ಟೋ ವರ್ಷಗಳ ಮೇಲಿನ ಕಥೆ. ಶುರುವಾಗುವುದೇ 1921ರಲ್ಲಿ ಅಮೆರಿಕದ ಟಲ್ಸಾದಲ್ಲಿ ನಡೆದ ಕರಿಯರ ಹತ್ಯಾಕಾಂಡದಿಂದ. ಮೊದಲ ಕಂತಿನಲ್ಲೇ ಆಕಾಶದಿಂದ ಪುಟ್ಟ ಪುಟ್ಟ ಸಮುದ್ರ ಜೀವಿಗಳು ಉದುರುತ್ತವೆ. ಪುಸ್ತಕದ ದೈತ್ಯ ಗೊತ್ತಿದ್ದವನಿಗೆ ಮೈ ಜುಂ ಅನ್ನುತ್ತದೆ, ಸಿನಿಮಾ ಮಾತ್ರ ನೋಡಿದವನು ಮಳೆ ಯಾಕೆ ಹೀಗೆ ಅಂತ ತಲೆ ಕೆರೆದುಕೊಳ್ಳುತ್ತಾನೆ. ಈ ಒಂದು ಕಡೆ ದೋಸ್ತನ ಮಾತು ಸರಿ. ಇದಕ್ಕೆ ಮಾತ್ರ ಓದಿಯೇ ಹೋಗಬೇಕು.

ಒಟ್ಟೊಟ್ಟಿಗೆ: 'ಒನ್ ಪೀಸ್'

ಇದನ್ನು ಮಾಡಿದ್ದು ಅಕ್ಕನ ಮಗಳ ಜೊತೆ. ಏಯಿಚಿರೊ ಓಡಾ 1997ರಿಂದ ಬರೆಯುತ್ತಲೇ ಇರುವ, ಕಡಲ್ಗಳ್ಳರ ಕಥೆಯ ಜಪಾನಿ ಕಾಮಿಕ್ಸ್, ನೂರು ಸಂಪುಟ ದಾಟಿದೆ. ನಿಜವಾದ ನಟರಿಟ್ಟು ಮಾಡಿದ ನೆಟ್‌ಫ್ಲಿಕ್ಸ್ ಸರಣಿ 2023ರ ಆಗಸ್ಟ್ 31ಕ್ಕೆ ಬಂತು. ಮೊದಲ ಸೀಸನ್ನಿನ ಎಂಟು ಕಂತು ಸುಮಾರು 11 ಸಂಪುಟಗಳ ಕಥೆಯನ್ನು ನುಂಗಿವೆ. ಒಂದೂವರೆ ಸಂಪುಟ ಓದುವುದು, ಒಂದು ಕಂತು ನೋಡುವುದು. ಇದು ನಮ್ಮ ಲೆಕ್ಕ.

ಜಪಾನಿ ಪುಸ್ತಕ ಬಲದಿಂದ ಎಡಕ್ಕೆ ಓದಬೇಕು. ನಾನು ಅಭ್ಯಾಸಬಲದಿಂದ ನಮ್ಮ ಪುಸ್ತಕಗಳ ಹಾಗೆ ತೆಗೆದೆ. ತಪ್ಪು ಕಡೆಯಿಂದ ಬಂದಿದ್ದೀರಿ ಅಂತ ಪುಸ್ತಕವೇ ಹೇಳಿತು. "ಮಾಮಾ, ನೀವೂ ಫ್ಯಾನ್ ಅಲ್ಲ ಬಿಡ್ರಿ" ಅಂದಳು. ಸೆಕೆಂಡ್ ಗೇಟ್‌ನ ಮಾತನ್ನು ಮರೆತಿಲ್ಲ ಹುಡುಗಿ.

ಈ ಪದ್ಧತಿಯಲ್ಲಿ ಯಾವುದು ಮೇಲು ಅನ್ನುವ ಜಗಳವೇ ಹುಟ್ಟಲಿಲ್ಲ. ಎರಡೂ ಬಿಸಿಬಿಸಿ ಇರುತ್ತವೆ, ಹೋಲಿಸುವುದು ಆಟವಾಗುತ್ತದೆ. ಕಥಾನಾಯಕ ಲೂಫಿಯ ಅಜ್ಜ ಗಾರ್ಪ್ ಸರಣಿಯಲ್ಲಿ ಮೊದಲ ಕಂತಿನಲ್ಲೇ ಬರುತ್ತಾನೆ. ಪುಸ್ತಕದಲ್ಲಿ ಅವನು ಇವನ ಅಜ್ಜ ಅಂತ ಗೊತ್ತಾಗಲು 400ಕ್ಕೂ ಹೆಚ್ಚು ಅಧ್ಯಾಯ ಕಾಯಬೇಕು. ಅವಳ ಪ್ರಕಾರ ಇದು ಮೋಸ. ನನ್ನ ಪ್ರಕಾರ ಒಳ್ಳೆಯದೇ ಆಯಿತು, ನನಗೆ ಅಷ್ಟು ಆಯುಷ್ಯ ಇದೆಯೋ ಇಲ್ಲವೋ. ಆದರೆ ರಬ್ಬರಿನಂತೆ ಹಿಗ್ಗುವ ಲೂಫಿಯ ಕೈಯ ಚಂದ ಗೆರೆಯಲ್ಲೇ ಇದೆ. ನಿಜವಾದ ಮನುಷ್ಯನ ಕೈ ಹಾಗೆ ಉದ್ದವಾದರೆ ನನಗೆ ಸ್ವಲ್ಪ ಹೊಟ್ಟೆ ತೊಳೆಸಿದಂತಾಯಿತು.

ತೊಂದರೆ ಒಂದೇ, ದುಡ್ಡು. ನೆಟ್‌ಫ್ಲಿಕ್ಸ್ ಮೊಬೈಲ್ ಪ್ಲಾನ್ ತಿಂಗಳಿಗೆ 149 ರೂಪಾಯಿ. ಸಂಪುಟ ಒಂದೊಂದಕ್ಕೆ ನಾಲ್ಕುನೂರರ ಆಸುಪಾಸು. ಹನ್ನೊಂದು ಸಂಪುಟ ಕೊಳ್ಳುವಷ್ಟರಲ್ಲಿ ಹೆಂಡತಿ ಕುಂದಾ ಡಬ್ಬಿಯ ಮೇಲೆ ಮಾತ್ರ ಪ್ರೀತಿ ತೋರಿಸತೊಡಗಿದಳು, ನನ್ನ ಮೇಲೆ ಅಲ್ಲ. "ಮೊದಲು ಎಲ್ಲಾ ಓದು" ಅನ್ನುವ ದೋಸ್ತ ಈ ಲೆಕ್ಕ ಎಂದೂ ಹೇಳುವುದಿಲ್ಲ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ವರ್ಷಗಟ್ಟಲೆ ಓಡುವ ಉದ್ದನೆಯ ಕಥೆಯಾದರೆ ನೋಡಿಯೇ ಶುರು ಮಾಡಿ, ಪುಸ್ತಕ ಆಮೇಲೂ ಬೆಚ್ಚಿಬೀಳಿಸುತ್ತದೆ. 'ವಾಚ್‌ಮೆನ್'ನಂತೆ ಪುಟದ ಅಳತೆಗೇ ಹೊಲಿದ ಕಥೆಯಾದರೆ ಮೊದಲು ಓದಿ, ಸಿನಿಮಾ ಬಿಟ್ಟರೂ ನಡೆಯುತ್ತದೆ. ಜೊತೆಗೆ ಒಬ್ಬರಿದ್ದರೆ, ಕಿಸೆ ಗಟ್ಟಿಯಿದ್ದರೆ, ಒಟ್ಟೊಟ್ಟಿಗೆ. ಮೂರರಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ.

ದೋಸ್ತನ 'ಮೂಲ', ಕಾಕಾನ 'ಮೂಲ'

ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ ಚಹಾ. ದೋಸ್ತ ಮತ್ತೆ "ಪುಸ್ತಕನ ಮೂಲ, ಉಳಿದದ್ದೆಲ್ಲಾ ನಕಲು" ಅಂದ. ಈ ಸಲ ನಾನೂ ಸ್ವಲ್ಪ ತಯಾರಾಗಿ ಹೋಗಿದ್ದೆ. ಹಾರ್ಲಿ ಕ್ವಿನ್ ಅನ್ನುವ ಪಾತ್ರ ಹುಟ್ಟಿದ್ದು ಪುಸ್ತಕದಲ್ಲಿ ಅಲ್ಲ, 1992ರ ಬ್ಯಾಟ್‌ಮ್ಯಾನ್ ಕಾರ್ಟೂನ್ ಸರಣಿಯಲ್ಲಿ. ಕಾಮಿಕ್ಸ್‌ಗೆ ಬಂದದ್ದು ಮರುವರ್ಷ. ಸೂಪರ್‌ಮ್ಯಾನ್‌ನ ಶಕ್ತಿ ಇಳಿಸುವ ಕ್ರಿಪ್ಟೊನೈಟ್ ಕಲ್ಲು 1943ರಲ್ಲಿ ರೇಡಿಯೋ ನಾಟಕಕ್ಕೆ ಬಂತು, ಕಾಮಿಕ್ಸ್ ಅದನ್ನು ಎತ್ತಿಕೊಂಡದ್ದು 1949ರಲ್ಲಿ. ಸ್ಪೈಡರ್‌ಮ್ಯಾನ್‌ನ ಬಲೆ ಪುಸ್ತಕದಲ್ಲಿ ಮಣಿಕಟ್ಟಿನ ಯಂತ್ರದಿಂದ ಬರುತ್ತಿತ್ತು. 2002ರ ಸಿನಿಮಾದಲ್ಲಿ ಅವನ ಕೈಯಿಂದಲೇ ಬಂತು. ಎರಡೇ ವರ್ಷಕ್ಕೆ ಕಾಮಿಕ್ಸ್‌ನವರೂ ಹಾಗೇ ಮಾಡಿಕೊಂಡರು, ಸ್ವಲ್ಪ ಕಾಲದ ಮಟ್ಟಿಗೆ. ಯಾರು ಯಾರ ನಕಲು?

ದೋಸ್ತ ಚಹಾ ಊದುತ್ತ ಸುಮ್ಮನಿದ್ದ. ಆಮೇಲೆ "ಬಲಿದು ಗೊತ್ತಿತ್ತು. ರೇಡಿಯೋದ್ದು ಗೊತ್ತಿದ್ದಿಲ್ಲ" ಅಂದ. ಅವನಿಂದ ಇಷ್ಟು ಬಂದದ್ದೇ ದೊಡ್ಡದು.

ನಮ್ಮ ಮನೆಯಲ್ಲಿ ಇನ್ನೂ ಹಳೆಯ ಕಾವಲುಗಾರ ಒಬ್ಬರಿದ್ದಾರೆ, ನಮ್ಮ ಕಾಕಾ. ಹುಡುಗರಿದ್ದಾಗ ಇಂದ್ರಜಾಲ ಕಾಮಿಕ್ಸ್ ಓದಿದವರು. ಬೆಳಗಾವಿ ನೋಡಿ, ಇವರು ಓದಿದ್ದು ಮರಾಠಿಯಲ್ಲಿ. ಕಾಡಿನ ಮುಖವಾಡದ ವೀರ ಫ್ಯಾಂಟಮ್ ಅವರಿಗೆ ಇವತ್ತಿಗೂ 'ವೇತಾಳ'. ನಮ್ಮೆಲ್ಲರ ಓದೂ ಅವರ ಪ್ರಕಾರ ಹುಡುಗಾಟ, ದೋಸ್ತನದು ಕೂಡ. 1996ರಲ್ಲಿ ಫ್ಯಾಂಟಮ್ ಸಿನಿಮಾ ಬಂದದ್ದನ್ನು ಅವರು ಒಪ್ಪುವುದೇ ಇಲ್ಲ. ಒಮ್ಮೆ ನಾನು "ಕಾಕಾ, ವೇತಾಳನ ಊರು ಬೆಂಗಾಲಾ ಅಲ್ಲೇನ್ರಿ?" ಅಂದೆ. "ಡೆಂಕಾಲಿ!" ಅಂತ ಗುಡುಗಿದರು. ಲೀ ಫಾಕ್ 1936ರಲ್ಲಿ ಪತ್ರಿಕೆಗೆಂದು ಶುರು ಮಾಡಿದ ಪಟ್ಟಿಚಿತ್ರ ಅದು. 1964ರಲ್ಲಿ ಇಂದ್ರಜಾಲ ಅದನ್ನು ಪುಸ್ತಕ ಮಾಡಿ ಇಲ್ಲಿಗೆ ತಂದಿತು. ಬೆಂಗಾಲಾ ಡೆಂಕಾಲಿ ಆದದ್ದೂ ಇಲ್ಲೇ, ಅವನ ವೈರಿಗಳಾದ ಸಿಂಗ್ ಕಡಲ್ಗಳ್ಳರು ಸಿಂಗಾ ಆದದ್ದೂ ಇಲ್ಲೇ. ಕಾಕಾ ಜೀವಮಾನ ಕಾಯ್ದ ಮೂಲ ಕೂಡ ಕತ್ತರಿ, ಅಂಟು ಹಾಕಿ ಮಾಡಿದ್ದು. ನಾನು ಇದನ್ನು ಅವರಿಗೆ ಹೇಳಿಲ್ಲ. ಬಿಪಿ ಇದೆ.

ಹೋದ ವಾರ ಅಕ್ಕನ ಮಗಳು ಅವರ ಮುಂದೆ ಹೋಗಿ ನಿಂತಳು. ಅದೇ ಸ್ಪೈಡರ್‌ಮ್ಯಾನ್ ಟೀ ಶರ್ಟ್. "ಅಜ್ಜಾ, ವೇತಾಳನ ಪುಸ್ತಕ ತೋರಸ್ರಿ. ನನಗ ಮರಾಠಿ ಓದಾಕ ಬರೂದಿಲ್ಲ, ಚಿತ್ರ ನೋಡ್ತೇನಿ."

ಕಾಕಾ ಅವಳನ್ನೂ ಟೀ ಶರ್ಟನ್ನೂ ಒಂದು ಸಲ ನೋಡಿದರು. ನಾನು ಉಸಿರು ಬಿಗಿಹಿಡಿದೆ. ಅವರು ಕಿಲಿಕೈ ತಂದು ಟ್ರಂಕ್ ತೆಗೆದರು, ಪಂಚೆಯಲ್ಲಿ ಧೂಳು ಒರೆಸಿದರು. ಮುಖಪುಟ ಕಿತ್ತುಹೋದ ಒಂದು ಪುಸ್ತಕ ಅವಳ ಕೈಗಿಟ್ಟರು.

"ಮನಿಗೆ ಒಯ್ಯಂಗಿಲ್ಲ. ಇಲ್ಲೇ ಕುಂತು ನೋಡು. ನಾ ಓದಿ ಹೇಳ್ತೇನಿ."