ತೂಗು ಕುರ್ಚಿ ಕೆಲಸಕ್ಕೆ ಯಾವ ಗರಗಸ? ನಾಲ್ಕು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ

ನಮ್ಮ ಮನೆ ಇರುವುದು ಧಾರವಾಡದ ಮಾಳಮಡ್ಡಿಯಲ್ಲಿ. ಹಿತ್ತಲಲ್ಲಿ 10 ಅಡಿ ಅಗಲ, 14 ಅಡಿ ಉದ್ದದ ತಗಡಿನ ಶೆಡ್ಡು. ಅಪ್ಪನಿಗೆ ಸೊಂಟದ ಆಪರೇಷನ್ ಆದ ಮೇಲೆ ಅವರಿಗೊಂದು ತೂಗು ಕುರ್ಚಿ ಮಾಡಿಕೊಡಬೇಕು ಅಂತ ಅಲ್ಲಿ ಕೆಲಸ ಶುರು ಮಾಡಿದೆ. ಈಗ 11 ಕುರ್ಚಿ ಆಗಿವೆ. ನೌಕರಿ ಬೇರೆ, ಇದು ಶನಿವಾರ-ಭಾನುವಾರದ ಕೆಲಸ. ಈ ನಾಲ್ಕು ವರ್ಷದಲ್ಲಿ ನಾಲ್ಕು ಬಗೆಯ ಕರೆಂಟ್ ಗರಗಸ ಬಳಸಿದ್ದೇನೆ. ಒಂದನ್ನು ಮಾರಿಬಿಟ್ಟೆ. ಮನೆಯಲ್ಲೇ ಇಂಥ ಕೆಲಸ ಮಾಡಬೇಕು ಅನ್ನುವವರು ಯಾವುದಕ್ಕೆ ದುಡ್ಡು ಹಾಕಬೇಕು ಅಂತ ಕೇಳುತ್ತಲೇ ಇರುತ್ತಾರೆ, ಅದಕ್ಕೆ ಇದು.

ಮೊದಲು ಏನು ಕೊಯ್ಯಬೇಕು ಅನ್ನುವುದು ಗೊತ್ತಿರಬೇಕು. ತೂಗು ಕುರ್ಚಿಯ ಜೀವ ಇರುವುದು ಕೆಳಗಿನ ಎರಡು ಕಮಾನುಗಳಲ್ಲಿ. ಒಂದೇ ದಪ್ಪ ಹಲಗೆಯಿಂದ ಕಮಾನು ಕೊರೆದರೆ ತುದಿಯ ಹತ್ತಿರ ಎಳೆ ಅಡ್ಡ ಕಡಿದು ಹೋಗಿರುತ್ತದೆ, ಭಾರ ಬಿದ್ದಾಗ ಅಲ್ಲೇ ಸೀಳುತ್ತದೆ. ನನ್ನ ಮೊದಲನೆಯ ಕುರ್ಚಿ ಹಾಗೇ ಸೀಳಿತು. ಅದಕ್ಕೆ 4 ಮಿಲಿಮೀಟರ್ ದಪ್ಪದ ಉದ್ದ ಪಟ್ಟಿ ಸೀಳಿಕೊಂಡು, ಅಂಟು ಹಚ್ಚಿ, ಒಂದರ ಮೇಲೊಂದು ಆರು ಪಟ್ಟಿ ಇಟ್ಟು, ಅಚ್ಚಿನ ಮೇಲೆ ಬಗ್ಗಿಸಿ ಕ್ಲ್ಯಾಂಪ್ ಬಿಗಿದು ಒಂದು ರಾತ್ರಿ ಬಿಡಬೇಕು. ಹಿಮದ ಊರುಗಳಲ್ಲಿ ಸ್ಕೀ ಮಾಡುವವರ ದಾರಿಯೂ ಇದಕ್ಕೆ ಹತ್ತಿರದ್ದೇ. ಉದ್ದ ಪಟ್ಟಿಗಳನ್ನು ಅಂಟಿಸಿ ನಡುವಿನ ತಿರುಳು ಮಾಡಿಕೊಳ್ಳುತ್ತಾರೆ, ಆಮೇಲೆ ಎಲ್ಲ ಪದರಗಳನ್ನೂ ಅಚ್ಚಿನಲ್ಲಿ ಒತ್ತಿ ತುದಿ ಬಾಗಿಸುತ್ತಾರೆ. ಅವರಿಗೂ ನಮಗೂ ಬೇಕಾದದ್ದು ಎರಡೇ: ಉದ್ದಕ್ಕೆ ತೆಳ್ಳಗೆ ಸೀಳುವುದು, ದಪ್ಪ ಕಟ್ಟಿಗೆಯಲ್ಲಿ ತಿರುವು ಕೊಯ್ಯುವುದು.

ಮೊದಲು ಕೊಂಡದ್ದು ಜಿಗ್‌ಸಾ. ಹೊಲಿಗೆ ಯಂತ್ರದಲ್ಲಿ ಸೂಜಿಯ ಜಾಗಕ್ಕೆ ಬ್ಲೇಡ್ ಸಿಕ್ಕಿಸಿ ನೋಡಿದ್ದರಿಂದ 1940ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಮೆಷಿನ್ ಇದು. ಅದರ ಗುಣ, ದೋಷ ಎರಡೂ ಅಲ್ಲಿಂದಲೇ ಬಂದಿವೆ. ಬ್ಲೇಡನ್ನು ಮೇಲಿನ ತುದಿಯಲ್ಲಿ ಮಾತ್ರ ಹಿಡಿದಿರುತ್ತದೆ, ಕೆಳಗಿನ ತುದಿ ಸಡಿಲ. ಮುಕ್ಕಾಲು ಇಂಚಿನ ಪ್ಲೈವುಡ್ ಕೊಟ್ಟರೆ ಬೆಣ್ಣೆ ಕೊಯ್ದ ಹಾಗೆ ಹೋಗುತ್ತದೆ. ಎರಡು ಇಂಚಿನ ಸಾಗವಾನಿಯಲ್ಲಿ ತಿರುವು ಹಾಕಿದರೆ ಮೇಲೆ ಗೆರೆಯ ಮೇಲೇ ಇರುತ್ತದೆ, ತಿರುಗಿಸಿ ನೋಡಿದರೆ ಕೆಳಗೆ 3 ಮಿಲಿಮೀಟರ್ ಆಚೆ ಹೋಗಿರುತ್ತದೆ. ಅದನ್ನು ಉಜ್ಜಿ ಸರಿ ಮಾಡುವುದಕ್ಕೆ ಕೊಯ್ಯುವುದಕ್ಕಿಂತ ಜಾಸ್ತಿ ಹೊತ್ತು ಬೇಕು. ಇದು ಯಾವ ಕಂಪನಿಯದಾದರೂ ಅಷ್ಟೇ, ಬೆಲೆ ಜಾಸ್ತಿ ಕೊಟ್ಟರೆ ಸ್ವಲ್ಪ ಕಡಿಮೆ ಆಗುತ್ತದೆ, ಪೂರ್ತಿ ಹೋಗುವುದಿಲ್ಲ. ಆದರೆ ಮೆಷಿನ್ ಜೊತೆ ಬಂದ ಬ್ಲೇಡಿನಲ್ಲೇ ಎಲ್ಲ ಕೆಲಸ ಮಾಡಬೇಡಿ. ನುಣುಪು ಬೇಕಾದರೆ ಟಿ 101 ಬಿ ನಂಬರಿನ ಬ್ಲೇಡ್, ದಪ್ಪ ಕಟ್ಟಿಗೆ ಬೇಗ ಕೊಯ್ಯಲು ಟಿ 144 ಡಿ, ತಿರುವಿಗೆ ಟಿ 244 ಡಿ. ಮೂರನ್ನೂ ಇಟ್ಟುಕೊಂಡರೆ ಅದೇ ಮೆಷಿನ್ ಬೇರೆಯೇ ಅನ್ನಿಸುತ್ತದೆ. ಅಚ್ಚು ಮಾಡುವ ಪ್ಲೈವುಡ್ಡಿಗೆ ಇವತ್ತಿಗೂ ಇದನ್ನೇ ಬಳಸುತ್ತೇನೆ.

ಕೈಯಲ್ಲಿ ಹಿಡಿದು ಓಡಿಸುವ 7 ಇಂಚಿನ ಸರ್ಕ್ಯುಲರ್ ಸಾ ಬಗ್ಗೆ ಹೇಳುವುದು ಕಡಿಮೆ. ಹಲಗೆಯ ಅಂಚು ನೆಟ್ಟಗೆ ಮಾಡಲು, ಪ್ಲೈವುಡ್ ಶೀಟ್ ತುಂಡು ಮಾಡಲು ಒಳ್ಳೆಯದು. ಅಲ್ಯುಮಿನಿಯಂ ಪಟ್ಟಿಯೊಂದನ್ನು ಕ್ಲ್ಯಾಂಪ್ ಮಾಡಿ ಅದರ ಆಸರೆಗೆ ಓಡಿಸಿದರೆ ಗೆರೆ ತಪ್ಪುವುದಿಲ್ಲ. ತೆಳು ಪಟ್ಟಿ ಸೀಳಲು ಮಾತ್ರ ಬೇಡವೇ ಬೇಡ.

ಟೇಬಲ್ ಸಾ ವಿಷಯ ದೊಡ್ಡದು. ಮೇಜಿನ ನಡುವಿನಿಂದ ದುಂಡು ಬ್ಲೇಡ್ ಮೇಲೆ ಬಂದಿರುತ್ತದೆ, ಕಟ್ಟಿಗೆಯನ್ನು ನಾವೇ ಅದಕ್ಕೆ ತಳ್ಳಬೇಕು. ವಿಡಿಯೋಗಳಲ್ಲಿ ಎಲ್ಲರ ಹತ್ತಿರವೂ ಅದೇ ಇರುತ್ತದೆ ಅಲ್ವಾ, ಅದಿಲ್ಲದೆ ವರ್ಕ್‌ಶಾಪೇ ಅಲ್ಲ ಅನ್ನಿಸಿ ನಾನೂ 10 ಇಂಚಿನ ಬ್ಲೇಡಿನದ್ದು ತಂದೆ. ಕೊಯ್ತದ ಮುಖ ಕನ್ನಡಿಯಂತೆ ಬರುತ್ತದೆ, ಹಾಗೇ ಅಂಟು ಹಚ್ಚಬಹುದು. 14 ತಿಂಗಳು ಇಟ್ಟುಕೊಂಡಿದ್ದೆ. ಒಂದು ಭಾನುವಾರ 4 ಮಿಲಿಮೀಟರ್ ಪಟ್ಟಿಯೊಂದು ಬ್ಲೇಡು ಮತ್ತು ಗೈಡಿನ (ಕಟ್ಟಿಗೆ ನೆಟ್ಟಗೆ ಹೋಗಲು ಪಕ್ಕದಲ್ಲಿರುವ ಆಸರೆ ಪಟ್ಟಿ) ನಡುವೆ ಸಿಕ್ಕಿಕೊಂಡು ಬಾಣದ ಹಾಗೆ ಹಿಂದಕ್ಕೆ ಹಾರಿತು. ನನ್ನ ಪಕ್ಕೆಯ ಹತ್ತಿರದಿಂದ ಹೋಗಿ ಬಾಗಿಲಿನ ತಗಡಿಗೆ ಬಡಿಯಿತು. ಆ ಗುಳಿ ಈಗಲೂ ಇದೆ, ಹೆಬ್ಬೆರಳು ಇಡುವಷ್ಟು. ಸ್ವಲ್ಪ ಹೊತ್ತಿಗೆ ಮೊದಲು ಮಗಳು ಅದೇ ಬಾಗಿಲಲ್ಲಿ ನಿಂತು ಊಟಕ್ಕೆ ಕರೆದು ಹೋಗಿದ್ದಳು. ಅವತ್ತು ಮೆಷಿನ್ ಮತ್ತೆ ಚಾಲೂ ಮಾಡಲಿಲ್ಲ.

ನಮ್ಮ ಓಣಿಯ ಬಡಿಗೇರ ಕಾಕಾ ಬಂದು ನೋಡಿದರು. "ತಮ್ಮಾ, ತೆಳು ಪಟ್ಟಿ ಗೈಡಿನ ಕಡೆ ಬರೂ ಹಂಗ ಕೊಯ್ಯಬ್ಯಾಡ. ಕೊಯ್ದದ್ದು ಆ ಕಡೆ ಹೊರಗ ಬೀಳಬೇಕು" ಅಂದರು. ಅವರ ಮಾತು ಪೂರ್ತಿ ಸರಿ. ಸೀಳಿದ ಕಟ್ಟಿಗೆ ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಡಿಯದಂತೆ ಬ್ಲೇಡಿನ ಹಿಂದೆ ಒಂದು ತೆಳು ಲೋಹದ ರೆಕ್ಕೆ ಇರಬೇಕು, ಅದನ್ನು ಬಿಚ್ಚಿಡಬಾರದು. ತಳ್ಳಲು ಕೈ ಬದಲು ಕೋಲು ಬೇಕು. ಇಷ್ಟೆಲ್ಲ ಕಲಿತ ಮೇಲೂ ಚಿಕ್ಕ ಶೆಡ್ಡಿನಲ್ಲಿ ಬ್ಲೇಡಿನ ಸಾಲು ಬಿಟ್ಟು ಪಕ್ಕಕ್ಕೆ ನಿಲ್ಲಲು ಜಾಗವೇ ಇರುತ್ತಿರಲಿಲ್ಲ. ಐದು ಅಡಿ ಪಟ್ಟಿಗೆ ಮುಂದೆ ಐದು, ಹಿಂದೆ ಐದು ಅಡಿ ಬೇಕು. ಸದ್ದೂ ಭಾರಿ. ಪಕ್ಕದ ಮನೆಯ ಅಜ್ಜಿ ಮಧ್ಯಾಹ್ನ ಮಲಗುವ ಹೊತ್ತಿಗೆ ನಾನು ಕೈ ಕಟ್ಟಿ ಕೂತಿರಬೇಕಾಗಿತ್ತು.

ಅದನ್ನು ಮಾರಿ, ಮೇಲೆ ಸ್ವಲ್ಪ ಹಾಕಿ, 10 ಇಂಚು ಗಾಲಿಯ ಬ್ಯಾಂಡ್ ಸಾ ತಂದೆ. ಮೇಲೊಂದು ಕೆಳಗೊಂದು ಗಾಲಿ, ಅವೆರಡರ ಮೇಲೆ ಬಳೆಯಂಥ ಉದ್ದ ಬ್ಲೇಡ್ ಸುತ್ತುತ್ತಿರುತ್ತದೆ. ಈಗ ಎರಡೂವರೆ ವರ್ಷ ಆಯಿತು. ಮೊದಲ ತಿಂಗಳು ತುಂಬ ಬೇಜಾರಾಗಿತ್ತು. ಬ್ಲೇಡ್ ಗಾಲಿಯಿಂದ ಜಾರುತ್ತಿತ್ತು, ಎರಡು ಸಲ ತುಂಡಾಯಿತು. ಮಾರಿದವರಿಗೆ ಫೋನ್ ಮಾಡಿದರೆ ಇವತ್ತು ಬರುತ್ತೇವೆ, ನಾಳೆ ಬರುತ್ತೇವೆ ಅಂದರೇ ಹೊರತು ಬರಲಿಲ್ಲ. ಕೊನೆಗೆ ನಾನೇ ಉದ್ದ ಪಟ್ಟಿ ಇಟ್ಟು ನೋಡಿದೆ. ಮೇಲಿನ ಗಾಲಿ, ಕೆಳಗಿನ ಗಾಲಿ ಒಂದೇ ಸಮದಲ್ಲಿ ಇರಲಿಲ್ಲ. ಎರಡು ವಾಷರ್ ಹಾಕಿ ಸಮ ಮಾಡಿದ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ.

ಈಗ ಲೆಕ್ಕ ನೋಡಿ. 6 ಇಂಚು ಅಂದರೆ 150 ಮಿಲಿಮೀಟರ್ ಅಗಲದ ಸಾಗವಾನಿ ಹಲಗೆ. ಟೇಬಲ್ ಸಾದಲ್ಲಿ ಪ್ರತಿ ಕೊಯ್ತಕ್ಕೆ ಸುಮಾರು 3 ಮಿಲಿಮೀಟರ್ ಹೊಟ್ಟಾಗಿ ಹೋಗುತ್ತದೆ, 4 ಮಿಲಿಮೀಟರಿನ 21 ಪಟ್ಟಿ ಬರುತ್ತವೆ. ಬ್ಯಾಂಡ್ ಸಾದಲ್ಲಿ ಹೋಗುವುದು ಸುಮಾರು 1 ಮಿಲಿಮೀಟರ್. ಮುಖ ಒರಟಾಗಿರುತ್ತದೆ, ರಂದಾ ಹೊಡೆಯಬೇಕು ಅಂತ 5 ಮಿಲಿಮೀಟರ್ ಇಟ್ಟು ಕೊಯ್ದರೂ 25 ಪಟ್ಟಿ ಆಗುತ್ತವೆ. ಒಂದು ಕುರ್ಚಿಗೆ 12 ಪಟ್ಟಿ. ಅಂದರೆ ಅದೇ ಹಲಗೆಯಲ್ಲಿ ಎರಡನೆಯ ಕುರ್ಚಿಯ ಕಮಾನೂ ಆಗಿ ಹೋಯಿತು. ಇವತ್ತಿನ ಸಾಗವಾನಿ ರೇಟಿನಲ್ಲಿ ಇದು ಸಣ್ಣ ಮಾತಲ್ಲ.

ಇನ್ನೊಂದು, ಬ್ಯಾಂಡ್ ಸಾ ಬ್ಲೇಡ್ ಕಟ್ಟಿಗೆಯನ್ನು ಕೆಳಗೆ ಮೇಜಿನ ಕಡೆಗೆ ಒತ್ತುತ್ತದೆ, ನಮ್ಮ ಮೈಮೇಲೆ ಎಸೆಯುವುದಿಲ್ಲ. ಬೆರಳಿಗೆ ಅಪಾಯ ಇದ್ದೇ ಇದೆ, ಅದನ್ನು ಮರೆಯಬಾರದು. ಆದರೆ ಎದೆಬಡಿತ ಇಲ್ಲದೆ ಕೆಲಸ ಮಾಡುತ್ತೇನೆ. ಸದ್ದು ಗಿರಣಿಯ ಮೋಟಾರಿನ ಗುಂಯ್ ಅನ್ನುವಷ್ಟೇ.

ಬ್ಲೇಡ್ ಖರ್ಚು ಮಾತ್ರ ಇದೆ. ಸಾಗವಾನಿಯಲ್ಲಿ ಮರಳಿನಂಥ ಸಿಲಿಕಾ ಇರುತ್ತದೆ, ಹಲ್ಲು ಬೇಗ ಮೊಂಡಾಗುತ್ತದೆ. ನನಗೆ ಎರಡು ಕುರ್ಚಿಗೆ ಒಂದು ಬ್ಲೇಡ್ ಹೋಗುತ್ತದೆ. ಉದ್ದಕ್ಕೆ ಸೀಳಲು ಅರ್ಧ ಇಂಚು ಅಗಲದ್ದು, ಇಂಚಿಗೆ 3 ಅಥವಾ 4 ಹಲ್ಲು. ತಿರುವಿಗೆ ಕಾಲು ಇಂಚಿನದು. ಮೊಂಡು ಬ್ಲೇಡ್ ಗೆರೆ ಬಿಟ್ಟು ಒಂದು ಕಡೆ ಎಳೆಯಲು ಶುರು ಮಾಡುತ್ತದೆ, ಆಗ ಜೋರಾಗಿ ತಳ್ಳಬೇಡಿ, ಬದಲಿಸಿ. ಹುಬ್ಬಳ್ಳಿಯಲ್ಲಿ ಅಳತೆ ಕೊಟ್ಟರೆ ಸುರುಳಿಯಿಂದ ಕತ್ತರಿಸಿ ಬೆಸುಗೆ ಹಾಕಿಕೊಡುತ್ತಾರೆ. ಅವರೇ ಅದನ್ನು ಮಡಚುವುದನ್ನು ಕಲಿಸಿದರು: ಕಾಲಲ್ಲಿ ಕೆಳಗೆ ಒತ್ತಿ ಹಿಡಿದು, ಎರಡೂ ಕೈಯಿಂದ ಒಳಕ್ಕೆ ತಿರುವಿದರೆ ಅಷ್ಟು ದೊಡ್ಡ ಬಳೆ ಮೂರು ಸುತ್ತಾಗಿ ಊಟದ ತಟ್ಟೆಯಷ್ಟಾಗುತ್ತದೆ. ಗೋಣಿ ತಟ್ಟಿನಲ್ಲಿ ಸುತ್ತಿ, ಚಿಗರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುತ್ತೇನೆ.

ಯಾವ ಗರಗಸ ತಂದರೂ 15 ಆ್ಯಂಪ್ ಪಾಯಿಂಟ್ ಹಾಕಿಸಿ, ಅರ್ಥಿಂಗ್ ನೋಡಿಸಿ. ಮಾಸ್ಕಿಗೆ ಜಿಪುಣತನ ಬೇಡ. ಕಟ್ಟಿಗೆ ಧೂಳು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ. ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಎನ್ 95 ಬೇಕು.

ಹೊಸದಾಗಿ ಶುರು ಮಾಡುವವರು ಜಿಗ್‌ಸಾ, ಒಳ್ಳೆಯ ಬ್ಲೇಡು, ನಾಲ್ಕಾರು ಕ್ಲ್ಯಾಂಪ್ ತಗೊಳ್ಳಿ. ಪಟ್ಟಿಗಳನ್ನು ಸಾ ಮಿಲ್ಲಿನಲ್ಲೇ ಸೀಳಿಸಿಕೊಂಡು ಬನ್ನಿ. ಕೆಲಸ ಕೈಗೆ ಹತ್ತಿತು ಅನ್ನಿಸಿದಾಗ ನೇರ ಬ್ಯಾಂಡ್ ಸಾಗೆ ಹೋಗಿ, ನಡುವೆ ಟೇಬಲ್ ಸಾಗೆ ದುಡ್ಡು ಹಾಕಬೇಡಿ. ಕಪಾಟು, ಬಾಗಿಲು ಮಾಡುವವರಾದರೆ ನನ್ನ ಮಾತು ಬಿಡಿ, ನಿಮಗೆ ಟೇಬಲ್ ಸಾನೇ ಬೇಕು. ಬ್ಯಾಂಡ್ ಸಾ ಅಂಗಡಿಯಲ್ಲಿ ಕೊಳ್ಳುವಾಗ ಎರಡೂ ಮುಚ್ಚಳ ತೆಗೆಸಿ, ಗಾಲಿಗಳಿಗೆ ನೆಟ್ಟಗಿನ ಪಟ್ಟಿ ಇಟ್ಟು ನೋಡಿ. ಮೇಲಿನ ಗಾಲಿಯನ್ನು ಕೈಯಿಂದ ತಿರುಗಿಸಿ, ಬ್ಲೇಡ್ ಗಾಲಿಯ ಮೇಲಿನ ರಬ್ಬರು ಪಟ್ಟಿಯ ನಡುವೆಯೇ ನಿಂತರೆ ಮಾತ್ರ ದುಡ್ಡು ಕೊಡಿ.