ಮುಂದಿನ ಕಾಲು ಬಿಟ್ಟಿತು, ಹಿಂದಿನದು ಬಿಡಲಿಲ್ಲ

ಬೋಟಿನ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಸ್ಲಾಲಂ ಸ್ಕೀಗೆ, ಅಂದರೆ ಎರಡು ಕಾಲನ್ನೂ ಒಂದರ ಹಿಂದೆ ಒಂದು ಇಡುವ ಒಂಟಿ ಹಲಗೆಗೆ, ಮುಂದೆ ಒಂದು ಕಂಪನಿಯ ಬೂಟ್, ಹಿಂದೆ ಇನ್ನೊಂದು ಕಂಪನಿಯದು ಹಾಕಿಕೊಳ್ಳೋಣ ಅಂತ ಹೊರಟಿದ್ದರೆ, ದಯವಿಟ್ಟು ಸ್ಕ್ರೂಡ್ರೈವರ್ ಕೆಳಗಿಟ್ಟು ಇದನ್ನು ಓದಿ. ನಾನು ಹಾಗೆ ಮಾಡಿ ಬಲಗಾಲು ಮುರಿದುಕೊಂಡೆ. ಕಂಪನಿಗಳ ಹೆಸರು ಬೇಡ, ತಪ್ಪು ಅವರದಲ್ಲ. ಎರಡೂ ಬೂಟ್ ತಮ್ಮ ತಮ್ಮ ಜೋಡಿಯಲ್ಲಿ ಚೆನ್ನಾಗೇ ಇದ್ದವು. ಜೋಡಿ ತಪ್ಪಿಸಿದ್ದು ನಾನು.

ನನ್ನ ಹಳೆಯ ಬೈಂಡಿಂಗ್, ಅಂದರೆ ಕಾಲನ್ನು ಸ್ಕೀಗೆ ಹಿಡಿಸುವ ಬೂಟ್, ಎರಡೂ ರಬ್ಬರಿನವು. ಮುಂದಿನದು ಹಿಮ್ಮಡಿ ಹತ್ತಿರ ಸೀಳಿತು. ಅದೇ ಹೊತ್ತಿಗೆ ಬೇರೆ ಕಂಪನಿಯ ಗಟ್ಟಿ ಚಿಪ್ಪಿನ ಬೂಟ್ ಒಂದು ಕೈಗೆ ಸಿಕ್ಕಿತು. ಇವೆರಡು ಕಾಲನ್ನು ಬಿಡುವ ರೀತಿಯೇ ಬೇರೆ. ರಬ್ಬರ್ ಬೂಟಿನಲ್ಲಿ, ಬಿದ್ದಾಗ ರಬ್ಬರ್ ಹಿಗ್ಗಿ ಕಾಲು ಜಾರಿ ಹೊರಗೆ ಬರುತ್ತದೆ. ಬೂಟ್ ಸ್ಕೀ ಮೇಲೇ ಉಳಿಯುತ್ತದೆ. ನನಗೆ ಸಿಕ್ಕ ಗಟ್ಟಿ ಬೂಟಿನಲ್ಲಿ ಕಾಲು ಹೊರಗೆ ಬರುವುದಿಲ್ಲ. ಬೂಟೇ ಹಿಮ್ಮಡಿ ಕಡೆಯಿಂದ ಕಳಚಿ ಕಾಲಿನ ಜೊತೆ ಬರುತ್ತದೆ. ಎಷ್ಟು ಬಲಕ್ಕೆ ಕಳಚಬೇಕು ಅನ್ನುವುದನ್ನು ಸ್ಪ್ರಿಂಗ್ ತಿರುಗಿಸಿ ಹೊಂದಿಸಬಹುದು. ರಬ್ಬರಿಗೆ ಅಂಥ ಅಳತೆ ಇಲ್ಲ. ಲೇಸ್ ಎಷ್ಟು ಬಿಗಿಯಾಗಿದೆ, ನೀರು ಎಷ್ಟು ತಣ್ಣಗಿದೆ, ರಬ್ಬರ್ ಎಷ್ಟು ಹಳೆಯದು, ಎಲ್ಲಾ ಇವುಗಳ ಮೇಲೆ.

ಹಿಂದಿನ ರಬ್ಬರ್ ಬೂಟ್ ಹಾಗೇ ಬಿಟ್ಟು, ಮುಂದೆ ಗಟ್ಟಿ ಬೂಟ್ ಕೂರಿಸಲು ಹೋದೆ. ಬೂಟಿನ ಅಡಿಯ ಪ್ಲೇಟಿನ ತೂತುಗಳು ಸ್ಕೀ ತೂತುಗಳಿಗೆ ಸರಿಯಾಗಿ ಕೂರಲಿಲ್ಲ. ಮೂರನೆಯ ತೂತು ಅರ್ಧ ಚಂದ್ರನ ಹಾಗೆ ಕಾಣುತ್ತಿತ್ತು. ಅರದಿಂದ ಉಜ್ಜಿ ಅಗಲ ಮಾಡಿದೆ. ಬೂಟ್ ಜೊತೆ ಬಂದ ಸ್ಕ್ರೂ 6 ಮಿಲಿಮೀಟರಿನದು, ನನ್ನ ಸ್ಕೀಯಲ್ಲಿದ್ದದ್ದು ಕಾಲು ಇಂಚಿನ ಥ್ರೆಡ್, ಅಂದರೆ 6.35 ಮಿಲಿಮೀಟರ್. ಸ್ಕ್ರೂ ಒಳಗೆ ಹೋಯಿತು, ಆದರೆ ಕಚ್ಚಲಿಲ್ಲ. ಬೆರಳಲ್ಲಿ ಅಲ್ಲಾಡಿಸಿದರೆ ಲೊಡಲೊಡ ಅಂತಿತ್ತು. ಇದನ್ನು ಗಮನಿಸದೆ ನೀರಿಗೆ ಇಳಿದವರೂ ಇರುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ನಾನು ಸರಿಯಾದ ಸ್ಕ್ರೂ ತಂದು ಹಾಕಿದೆ. ಕಣ್ಣಿಗೆ ಕಂಡ ತೊಂದರೆ ಇವಷ್ಟೇ ಆಗಿದ್ದವು, ಎಲ್ಲಾ ಸರಿಹೋಯಿತು ಅಂದುಕೊಂಡೆ.

ನೀರಿಗೆ ಇಳಿದ ಮೊದಲ ದಿನವೇ ಇನ್ನೊಂದು ವಿಷಯ ಗೊತ್ತಾಯಿತು. ಹೊಸ ಪ್ಲೇಟ್ ದಪ್ಪ. ಮುಂದಿನ ಎಡಗಾಲು ಸ್ವಲ್ಪ ಎತ್ತರದಲ್ಲಿ, ಹಿಂದಿನ ಬಲಗಾಲು ತಗ್ಗಿನಲ್ಲಿ. ಭಾರವೆಲ್ಲ ಹಿಂದಕ್ಕೆ ಬೀಳುತ್ತಿತ್ತು. ಮುಂದಿನ ಬೂಟ್ ಕಾಲನ್ನು ಕಲ್ಲಿನ ಹಾಗೆ ಹಿಡಿದಿದ್ದರಿಂದ, ಹಿಂದಿನ ಹಳೆಯ ರಬ್ಬರ್ ತೀರಾ ಸಡಿಲ ಅನಿಸಿತು. ಹಿಮ್ಮಡಿ ಒಳಗೇ ಏಳುತ್ತಿದೆ ಅನಿಸಿ ಲೇಸ್ ಬಿಗಿ ಮಾಡಿದೆ. ಮಾರನೆಯ ದಿನ ಇನ್ನೂ ಸ್ವಲ್ಪ. ಮೂರನೆಯ ದಿನ ಗಂಟಿನ ಮೇಲೆ ಗಂಟು.

ಮುಂದಿನ ಬೂಟ್ ಬಿಡುತ್ತದೋ ಇಲ್ಲವೋ ಅಂತ ನೆಲದ ಮೇಲೆ ಹತ್ತು ಸಲ ನೋಡಿದ್ದೆ. ಟಕ್ ಅಂತ ಬಿಡುತ್ತಿತ್ತು. ಹಿಂದಿನದನ್ನು ಒಂದು ಸಲವೂ ನೋಡಲಿಲ್ಲ.

ಬಿದ್ದದ್ದು ದೊಡ್ಡ ಸಾಹಸ ಮಾಡುವಾಗ ಅಲ್ಲ. ಬೋಟಿನ ವೇಗ ಗಂಟೆಗೆ 49 ಕಿಲೋಮೀಟರ್, ಹಗ್ಗ 18.25 ಮೀಟರ್ ಉದ್ದದ್ದು. ಸ್ಪರ್ಧೆಯಲ್ಲಿ ಗಂಡಸರು 58ರವರೆಗೆ, ಹೆಂಗಸರು 55ರವರೆಗೆ ಹೋಗುತ್ತಾರೆ. ಸುತ್ತಿ ಹೋಗಬೇಕಾದ ಆರು ಬೋಯ್‌ಗಳಲ್ಲಿ, ಅಂದರೆ ನೀರಿನಲ್ಲಿ ತೇಲುವ ಗುರುತುಗಳಲ್ಲಿ, ಮೂರನೆಯದನ್ನು ಸುತ್ತಿ ಹಗ್ಗ ಬಿಗಿಯಾಗುವ ಹೊತ್ತು. ಸ್ಕೀ ಮೂತಿ ನೀರಿಗೆ ಕಚ್ಚಿತು. ನಾನು ಮುಂದಕ್ಕೆ ಹಾರಿದೆ. ಎಡಗಾಲಿನ ಬೂಟ್ ಟಕ್ ಅಂತ ಕಳಚಿತು, ಅದು ಮಾಡಬೇಕಾದ ಕೆಲಸ ಅದು ಮಾಡಿತು. ಬಲಗಾಲು ಹಾಗೇ ಸಿಕ್ಕಿಕೊಂಡಿತ್ತು.

ಒಂದು ಕ್ಷಣ ಯೋಚಿಸಿ ನೋಡಿ. ಹಿಂದಿನ ಕಾಲಿನ ಮುಂದೆ ಒಂದು ಮೀಟರಿಗಿಂತ ಜಾಸ್ತಿ ಸ್ಕೀ ಇದೆ. ಆ ತುದಿ ನೀರಿನಲ್ಲಿ ಸಿಕ್ಕಿ ಒಂದು ಕಡೆಗೆ ತಿರುಗುತ್ತಿದೆ, ಮೈ ಇನ್ನೊಂದು ಕಡೆಗೆ ಹೋಗುತ್ತಿದೆ. ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಹಾಗೆ. ಎರಡು ಕಾಲೂ ಒಳಗಿದ್ದಿದ್ದರೆ ಆ ತಿರುಚು ಎರಡಕ್ಕೂ ಹಂಚಿಹೋಗುತ್ತಿತ್ತು, ಒಂದಕ್ಕೊಂದು ಆಸರೆಯಾಗಿರುತ್ತಿತ್ತು. ಎರಡೂ ಬಿಟ್ಟಿದ್ದರೆ ತಿರುಚುವುದಕ್ಕೆ ಏನೂ ಇರುತ್ತಿರಲಿಲ್ಲ. ಒಂದೇ ಉಳಿದಾಗ ಸ್ಕೀ ಒಂದು ಉದ್ದನೆಯ ಸನ್ನೆಕೋಲು ಆಗುತ್ತದೆ, ಅದು ಮೀಟುವುದು ಕಾಲಿನ ಗಿಣ್ಣನ್ನು. ಒದ್ದೆ ಕಟ್ಟಿಗೆ ಮುರಿದ ಹಾಗೆ ಒಂದು ಸದ್ದು ನೀರಿನ ಒಳಗೇ ಕೇಳಿಸಿತು.

ಬೋಟಿನವರು ಬಂದಾಗ ಸ್ಕೀ ಇನ್ನೂ ಕಾಲಲ್ಲೇ ಇತ್ತು. ಗಂಟು ನೆನೆದು ಬಿಗಿದುಕೊಂಡಿತ್ತು, ಬಿಚ್ಚಲು ಬರಲಿಲ್ಲ. ಲೇಸ್ ಕತ್ತರಿಸಿ ಕಾಲು ಹೊರಗೆ ತೆಗೆದರು. ಗಿಣ್ಣಿನ ಹೊರಬದಿಯ ಮೂಳೆ ಮುರಿದಿತ್ತು, ಒಳಬದಿಯ ಲಿಗಮೆಂಟ್ ಹರಿದಿತ್ತು. ಆಪರೇಷನ್ ಆಯಿತು. ಆರು ವಾರ ಆ ಕಾಲನ್ನು ನೆಲಕ್ಕೆ ಊರಲಿಲ್ಲ. ಈಗಲೂ ಮೆಟ್ಟಿಲು ಇಳಿಯುವಾಗ ಬಲಗಾಲನ್ನು ನೋಡಿಕೊಂಡೇ ಇಡುತ್ತೇನೆ.

ಎರಡು ಕಂಪನಿ ಬೆರೆಸಿದ ಮಾತ್ರಕ್ಕೆ ಕಾಲು ಮುರಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಮುಂದೆ ಕಳಚುವ ಗಟ್ಟಿ ಬೂಟ್, ಹಿಂದೆ ಬರೀ ಬೆರಳು ತೂರಿಸುವ ಪಟ್ಟಿ ಇಟ್ಟುಕೊಂಡು ಆಡುವವರು ಬಹಳ ಜನ. ಆ ಪಟ್ಟಿಯಲ್ಲಿ ಹಿಮ್ಮಡಿ ಬಿಡುವಾಗಿರುತ್ತದೆ, ತುಂಬಾ ಬಿಗಿ ಮಾಡದಿದ್ದರೆ ಕಾಲು ಸುಲಭವಾಗಿ ಹೊರಗೆ ಬರುತ್ತದೆ. ಎರಡು ಬೂಟನ್ನೂ ಒಂದೇ ಪ್ಲೇಟಿಗೆ ಕೂರಿಸಿ, ಬಿದ್ದಾಗ ಇಡೀ ಪ್ಲೇಟೇ ಕಳಚುವ ವ್ಯವಸ್ಥೆಯೂ ಇದೆ. ಅದರಲ್ಲಿ ಕಾಲೆರಡೂ ಒಟ್ಟಿಗೇ ಬಿಡುತ್ತವೆ. ಅಪಾಯ ಇರುವುದು ಎರಡು ಬೇರೆ ಬೇರೆ ರೀತಿಯಲ್ಲಿ ಬಿಡುವ ಬೂಟುಗಳನ್ನು ಒಂದೇ ಸ್ಕೀ ಮೇಲೆ ಇಡುವುದರಲ್ಲಿ. ಕಂಪನಿಯವರು ತಮ್ಮ ಮುಂದಿನ ಬೂಟನ್ನು ತಮ್ಮದೇ ಹಿಂದಿನದರ ಜೊತೆ ನೋಡಿರುತ್ತಾರೆ, ಇನ್ನೊಬ್ಬರದರ ಜೊತೆ ಯಾಕೆ ನೋಡುತ್ತಾರೆ, ಅಲ್ವಾ?

ಈಗಾಗಲೇ ಬೆರೆಸಿ ಹಾಕಿಕೊಂಡಿದ್ದರೆ ಒಂದು ಕೆಲಸ ಮಾಡಿ. ಬೂಟ್ ಒದ್ದೆ ಮಾಡಿ, ನೀರಿನಲ್ಲಿ ಕಟ್ಟುವಷ್ಟೇ ಬಿಗಿಯಾಗಿ ಲೇಸ್ ಕಟ್ಟಿ, ಸ್ಕೀಯನ್ನು ಯಾರಾದರೂ ಒತ್ತಿ ಹಿಡಿದಿರಲಿ. ಹಿಂದಿನ ಹಿಮ್ಮಡಿಯನ್ನು ಮೇಲಕ್ಕೆ ಎಳೆದು ನೋಡಿ. ಹೊರಗೆ ಬಂದರೆ ನೀರಿನಲ್ಲೂ ಬಂದೇ ಬರುತ್ತದೆ ಅನ್ನುವ ಭರವಸೆ ಇಲ್ಲ. ಆದರೆ ನೆಲದ ಮೇಲೇ ಬರದಿದ್ದರೆ ಆ ಜೋಡಿ ಬಿಚ್ಚಿಡಿ.

ಕಳೆದ ವಾರ ಪರಿಚಯದವರೊಬ್ಬರು ನನ್ನ ಆ ಹಿಂದಿನ ಬೂಟ್ ಕೇಳಿದರು, ಸುಮ್ನೆ ಬಿದ್ದಿದೆಯಲ್ಲ ಅಂತ. ಮುಂದೆ ಯಾವುದಿದೆ ಅಂತ ಕೇಳಿದೆ. ಬೇರೆ ಕಂಪನಿಯ ಗಟ್ಟಿ ಬೂಟ್ ಅಂದರು. ಕತ್ತರಿಸಿದ ಲೇಸ್ ಇನ್ನೂ ಅದರಲ್ಲೇ ಇದೆ, ಅದನ್ನು ತೋರಿಸಿದೆ. ಬೂಟ್ ಕೊಡಲಿಲ್ಲ.